ಯಾರ ಕಡೆಯವರು

ಚಿಕ್ಕಮಗಳೂರಿನ ಘಾಟಿ ಮೇಲೆ, ಅತ್ತಿಗುಂಡಿಯಲ್ಲಿ ನಮ್ಮದೊಂದು ಹೋಟೆಲು. ಹೋಟೆಲು ಅಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ಮುಂದೆ ಬೆಂಚು ಹಾಕಿದ ಜಗಲಿ, ಹಿಂದೆ ಎರಡು ಕೋಣೆ. ನಮ್ಮ ಯಜಮಾನರು ಫಜಲುಲ್ಲಾ ಬಾಡಿಗೆಗೆ ಜೀಪು ಓಡಿಸುತ್ತಾರೆ, ಒಲೆ ನನ್ನದು. ಈ ಗುಲ್ಷನ್ ಮಾಡಿದ ಅಡುಗೆ ತಿಂದು ಹೊಟ್ಟೆ ಕೆಟ್ಟಿತು ಅಂತ ಇವತ್ತಿನವರೆಗೆ ಯಾರೂ ಹೇಳಿಲ್ಲ. ಹೇಳಿದವಳು ಒಬ್ಬಳೇ, ಆ ಇಂಗ್ಲೆಂಡಿನವಳು.

ಅವಳ ಹೆಸರು ಮೇರಿಯನ್. ನಮ್ಮೂರಿನ ಬಾಯಿಗೆ ಅದು ಮರಿಯಮ್ಮ ಆಯಿತು, ಅವಳೂ ಆ ಹೆಸರಿಗೆ ಓಗೊಟ್ಟಳು. ಎಂಬತ್ತೆರಡನೆಯ ಇಸವಿ, ಕಾಫಿ ಕೊಯ್ಲು ಶುರುವಾಗಿದ್ದ ಕಾಲ. ಅವಳೊಬ್ಬ ಶಾಲಾ ಟೀಚರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ರಜೆಗೆಂದು ಇಷ್ಟು ದೂರ ಒಬ್ಬಳೇ ಬಂದಿದ್ದಳು. ರಜೆ ಎಂದರೆ ತವರಿಗೆ ಹೋಗಿ ಕಾಲು ಚಾಚಿ ಮಲಗುವುದು ಅಂತ ತಿಳಿದಿದ್ದವಳು ನಾನು. ಇವಳು ದಿನಾ ಕೋಲು ಹಿಡಿದು ಗುಡ್ಡ ಹತ್ತುತ್ತಿದ್ದಳು, ಮೂಗು ಕೆಂಪಗೆ ಮಾಡಿಕೊಂಡು ಇಳಿದು ಬರುತ್ತಿದ್ದಳು. ಎರಡು ದಿನಕ್ಕೆಂದು ಹಿಂದಿನ ಕೋಣೆ ಹಿಡಿದವಳು ಹೋಗುವ ಮಾತೇ ಎತ್ತಲಿಲ್ಲ.

ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಹೆಸರು ಕೇಳುವುದಿಲ್ಲ, "ಯಾರ ಕಡೆಯವರು?" ಅಂತ ಕೇಳುತ್ತೇವೆ. ಇಂಥ ತೋಟದ ಕಡೆಯವರು, ಇಂಥ ಸಾಹುಕಾರರ ಕಡೆಯವರು, ಇಂಥ ಮನೆಯ ಕಡೆಯವರು ಅಂತ ಒಂದು ಉತ್ತರ ಬಂದರೆ ಅಂಗಡಿಯಲ್ಲಿ ಸಾಲ ಸಿಗುತ್ತದೆ, ಬಸ್ಸಿನಲ್ಲಿ ಜಾಗ ಸಿಗುತ್ತದೆ, ಆಸ್ಪತ್ರೆಯಲ್ಲಿ ಮಂಚ ಸಿಗುತ್ತದೆ. ಮರಿಯಮ್ಮನನ್ನೂ ಎಲ್ಲರೂ ಕೇಳಿದರು. ಅವಳಿಗೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನಾಗೇಶ ಅರ್ಥ ಹೇಳಿ, ಉತ್ತರವನ್ನೂ ಕಲಿಸಿಕೊಟ್ಟ. ಅಲ್ಲಿಂದ ಮುಂದೆ ಯಾರು ಕೇಳಿದರೂ, "ಯಾರ ಕಡೆಯೂ ಅಲ್ಲ" ಎಂದು ತೊದಲಿ ನಗುತ್ತಿದ್ದಳು. ಜಗಲಿಯಲ್ಲಿ ಕೂತವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಆ ಮಾತು ಕೇಳಿದಾಗಲೆಲ್ಲ ಒಳಗೆ ಒಂಥರಾ ಆಗುತ್ತಿತ್ತು.

ಒಂದು ಸಂಜೆ ಅವಳು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕಾಗದವೊಂದನ್ನು ತೋರಿಸಿದಳು. ಅದು ಇನ್ಶೂರೆನ್ಸ್ ಅಂತೆ. ಪ್ರವಾಸದಲ್ಲಿ ಕಾಯಿಲೆ ಬಿದ್ದರೆ ಒಂದು ಫೋನ್ ಮಾಡಿದರೆ ಸಾಕು, ಕಂಪನಿಯವರು ಆಸ್ಪತ್ರೆ ಖರ್ಚು ಕೊಟ್ಟು, ಬೇಕಾದರೆ ವಿಮಾನದಲ್ಲಿ ಮನೆಗೆ ಕರೆದೊಯ್ಯುತ್ತಾರಂತೆ. ನಮಗೆ ಗೊತ್ತಿದ್ದದ್ದು ಎರಡೇ ಬಗೆ, ಸತ್ತಮೇಲೆ ಮನೆಯವರಿಗೆ ಬರುವುದೊಂದು, ಜೀಪಿಗೆ ಮಾಡಿಸುವುದೊಂದು.

"ಇವಳು ಜೀಪಿಗೆ ಮಾಡ್ಸೋದನ್ನ ತನಗೇ ಮಾಡಿಸ್ಕೊಂಡು ಬಂದಿದಾಳಲ್ಲ ಮಾರಾಯ" ಎಂದರು ಯಜಮಾನರು, ನಾಗೇಶನಿಗೆ.

"ಕಾಯಿಲೆ ಬಿದ್ರೆ ಮನೆಯವ್ರು ಬರಲ್ವಂತಾ?" ಎಂದು ನಾನು ಕೇಳಿದೆ.

ನಾಗೇಶ ಇಂಗ್ಲಿಷಿನಲ್ಲಿ ಕೇಳಿ ಹೇಳಿದ. ತಾಯಿ ಹೋದ ವರ್ಷ ತೀರಿಕೊಂಡಳಂತೆ, ಗಂಡ ಮಕ್ಕಳು ಇಲ್ಲವಂತೆ, ಒಡಹುಟ್ಟಿದವರು ಮೊದಲೇ ಇಲ್ಲ. "ಅದಕ್ಕೇ ಇದ್ದಿದ್ರಲ್ಲಿ ದುಬಾರೀದು ಮಾಡಿಸಿದಾರಂತೆ ಗುಲ್ಷನಕ್ಕ" ಎಂದ. ಅವಳು ಆ ಕಾಗದವನ್ನು ಮತ್ತೆ ಜೋಪಾನವಾಗಿ ಮಡಚಿಟ್ಟುಕೊಂಡಳು. ಪಾಪ ಅನ್ನಿಸಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಅಂತ ಕೇಳಿದರೆ ಹೇಳಲು ಗೊತ್ತಿಲ್ಲ. ನನಗೆ ಪಾಪ ಅನ್ನಿಸಿದಾಗಲೆಲ್ಲ ಜೊತೆಗೆ ಸಿಟ್ಟೂ ಬರುತ್ತದೆ.

ಅದಾಗಿ ಕೆಲವು ದಿನಕ್ಕೆ ಬೆಳಿಗ್ಗೆ ಅವಳು ಕೋಣೆಯಿಂದ ಹೊರಗೇ ಬರಲಿಲ್ಲ. ಹೋಗಿ ನೋಡಿದರೆ ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಾಳೆ, ಮುಖ ಬಿಳಿಚಿಕೊಂಡಿದೆ, ವಾಂತಿ ಬೇರೆ. ನನ್ನನ್ನು ನೋಡಿ ಹೊಟ್ಟೆ ತೋರಿಸಿ, "ಕಡುಬು" ಎಂದಳು.

ನನಗೆ ಪಿತ್ತ ನೆತ್ತಿಗೇರಿತು. ಹಿಂದಿನ ರಾತ್ರಿ ಅದೇ ಕಡುಬನ್ನು, ಅದೇ ಕೋಳಿಸಾರನ್ನು ನಾವೂ ತಿಂದಿದ್ದೆವು, ಕೊಯ್ಲಿನ ಆಳುಗಳೂ ತಿಂದಿದ್ದರು. "ನನ್ನ ಕಡುಬಿಗೆ ಏನಾಗಿದೆ? ನಿನ್ನ ಹೊಟ್ಟೇಲೇ ಏನೋ ಆಗಿದೆ" ಎಂದು ಗದರಿದೆ. ಶುಂಠಿ ಕಷಾಯ ಮಾಡಿ ಕುಡಿಸಲು ಹೋದರೆ ಅದೂ ನಿಲ್ಲಲಿಲ್ಲ. ಹಣೆ ಮುಟ್ಟಿದೆ, ಸುಡುತ್ತಿತ್ತು. ಗದರುವುದು ಬಿಟ್ಟು ಯಜಮಾನರನ್ನು ಕೂಗಿದೆ.

ಯಜಮಾನರು ಜೀಪು ತೆಗೆದರು. ಇಂಗ್ಲಿಷ್ ಬೇಕಲ್ಲ ಅಂತ ನಾಗೇಶನನ್ನೂ ಹತ್ತಿಸಿಕೊಂಡೆವು. ಆ ಘಾಟಿಯ ತಿರುವುಗಳಲ್ಲಿ ಜೀಪು ಕುಲುಕಿದಾಗಲೆಲ್ಲ ಅವಳು ನನ್ನ ಸೆರಗನ್ನು ಹಿಡಿದು ಹಲ್ಲು ಕಚ್ಚುತ್ತಿದ್ದಳು. ಇನ್ನೊಂದು ಕೈಯಲ್ಲಿ ಆ ಪ್ಲಾಸ್ಟಿಕ್ ಕವರು.

ಚಿಕ್ಕಮಗಳೂರಿನಲ್ಲಿ ನಮ್ಮ ಮಕ್ಕಳೆಲ್ಲ ಹುಟ್ಟಿದ ನರ್ಸಿಂಗ್ ಹೋಮಿಗೇ ಹೋದೆವು. ಅಲ್ಲಿನ ಡಾಕ್ಟರು ವಿಮಲಮ್ಮ ಮೆಲ್ಲಗೆ ಮಾತಾಡುವವರು, ಕೈ ಚುರುಕು. ಹೊಟ್ಟೆ ಒತ್ತಿ ನೋಡಿ, "ಅಪೆಂಡಿಕ್ಸ್ ಊದಿದೆ. ಈಗ್ಲೇ ಕೊಯ್ದು ತೆಗೀಬೇಕು. ಬೆಂಗಳೂರು ಮಂಗಳೂರು ಅಂತ ಹೊರಟ್ರೆ ದಾರೀಲೇ ಒಡೆಯುತ್ತೆ, ಒಡೆದ್ರೆ ಜೀವ ಉಳಿಸೋದು ಕಷ್ಟ" ಎಂದರು.

"ನನ್ನ ಕಡುಬಿಂದಲ್ಲ ತಾನೆ?" ಎಂದೆ.

"ಅಲ್ಲಮ್ಮ. ಯಾರ ಮನೇಲಿ ಏನು ತಿಂದಿದ್ರೂ ಇದಾಗ್ತಿತ್ತು."

"ಅದನ್ನ ಅವಳಿಗೆ ಇಂಗ್ಲಿಷಲ್ಲಿ ಹೇಳಿ."

ಡಾಕ್ಟ್ರಮ್ಮ ಹೇಳಿದರೋ ಇಲ್ಲವೋ, ಅವಳು ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ. ಆಪರೇಷನ್ ಎಂದ ಕೂಡಲೇ ಕವರನ್ನು ಎತ್ತಿ ತೋರಿಸಿದಳು. ಮೊದಲು ಕಂಪನಿಗೆ ಫೋನ್ ಮಾಡಬೇಕು, ಅವರು ಹೂಂ ಎನ್ನದೆ ಯಾರೂ ತನ್ನನ್ನು ಮುಟ್ಟಬಾರದು. ಕೇಳದೆ ಕೊಯ್ಯಿಸಿಕೊಂಡರೆ ಕಂಪನಿ ಕೈಬಿಡುತ್ತದಂತೆ. ನಾಗೇಶ ಇಷ್ಟನ್ನೂ ನನಗೆ ಹೇಳಿ ಟೆಲಿಫೋನ್ ಆಫೀಸಿಗೆ ಓಡಿದ. ಲಂಡನ್ನಿಗೆ ಕಾಲ್ ಎಂದರೆ ಆಗ ಸುಮ್ಮನೆಯೇ? ಬೊಂಬಾಯಿಯಿಂದ ಲೈನು ಸಿಗಬೇಕು, ಕಾಯಬೇಕು. ಸಿಕ್ಕರೂ ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲವಂತೆ. ಇಲ್ಲಿ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಾಳೆ, ಅಲ್ಲಿ ಅಪ್ಪಣೆ ಕೊಡಬೇಕಾದವನು ಹೊದ್ದು ಮಲಗಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು.

ಕಾಯುತ್ತ ಕೂತಿದ್ದ ಹಾಗೆ ಇದ್ದಕ್ಕಿದ್ದಂತೆ ಅವಳ ನರಳಾಟ ನಿಂತಿತು. ಕಾಲು ಚಾಚಿದಳು. ನನ್ನನ್ನು ನೋಡಿ ನಕ್ಕು, ನೋವು ಹೋಯಿತು ಎಂದು ಕೈಸನ್ನೆ ಮಾಡಿದಳು. ನಾನು ಅಲ್ಲಾಹನಿಗೆ ಶುಕ್ರಿಯಾ ಹೇಳಿ, ಡಾಕ್ಟ್ರಮ್ಮನನ್ನು ಕರೆದು ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಒಡೀತು" ಎಂದರು. "ಈಗ ಸ್ವಲ್ಪ ಹೊತ್ತು ಆರಾಮ ಅನ್ಸುತ್ತೆ. ಆಮೇಲೆ ವಿಷ ಹೊಟ್ಟೆಯೆಲ್ಲ ಹರಡುತ್ತೆ."

ಅವರು ಹೇಳಿದ ಹಾಗೇ ಆಯಿತು. ಜ್ವರ ಏರಿತು, ನಡುಕ ಶುರುವಾಯಿತು. ಏನೇನೋ ಬಡಬಡಿಸಿದಳು, ಆಮೇಲೆ ಕರೆದರೆ ಓಗೊಡಲಿಲ್ಲ. ಡಾಕ್ಟ್ರಮ್ಮ ಒಂದು ಕಾಗದ ಹಿಡಿದು ಹೊರಗೆ ಬಂದು ನನ್ನನ್ನೂ ಯಜಮಾನರನ್ನೂ ನೋಡಿದರು.

"ಇವರು ಯಾರ ಕಡೆಯವರು?" ಎಂದು ಕೇಳಿದರು. "ಫಾರಿನ್‌ನವರು. ನಾಳೆ ಏನಾದ್ರೂ ಆದ್ರೆ ಪೊಲೀಸು, ಸರ್ಕಾರ ಅಂತ ಎಲ್ಲ ಬರ್ತಾರೆ. ಇವರ ಪರವಾಗಿ ಒಬ್ರು ಸಹಿ ಹಾಕ್ದೆ ಇದ್ರೆ ಆಪರೇಷನ್ನಿಗೆ ನಮ್ಮ ಆಸ್ಪತ್ರೆಯವ್ರು ಬಿಡಲ್ಲ."

ಯಜಮಾನರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. "ಗುಲ್ಷನ್, ಸಹಾಯ ಎಷ್ಟು ಬೇಕಾದ್ರೂ ಮಾಡಣ. ಸಹಿ ಬೇಡ. ನಮ್ಮ ಮನೇಲಿ ಉಂಡು ಮಲಗಿದವ್ಳು, ಸತ್ತೋದ್ಲು ಅಂದ್ರೆ ಮೊದ್ಲು ನಮ್ಮನ್ನೇ ಕೇಳ್ತಾರೆ. ಹೋಟ್ಲಿಗೆ ಬೀಗ, ನನ್ನ ಲೈಸೆನ್ಸೂ ಹೋಗುತ್ತೆ. ಮಕ್ಳು ಮರಿ ಇರೋರು ನಾವು. ಆ ಕಂಪನಿಯೋರು ಬರ್ಲಿ."

"ಕಂಪನಿಯೋರು ಬರೋ ಹೊತ್ತಿಗೆ ಇವಳಿರ್ತಾಳಾ?"

ನನಗೂ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಜಗಲಿಯಲ್ಲಿ ಕೂತು "ಯಾರ ಕಡೆಯೂ ಅಲ್ಲ" ಎಂದು ಅವಳು ನಗುತ್ತಿದ್ದದ್ದು ಕಿವಿಯಲ್ಲಿ ಕೇಳಿಸುತ್ತಿತ್ತು. ಅದು ನಗುವ ಮಾತಾಗಿರಲಿಲ್ಲ, ನಾವೆಲ್ಲ ಸೇರಿ ನಕ್ಕಿದ್ದೆವು. ಒಂದು ಜೀವ ನನ್ನ ಕಣ್ಣೆದುರು ಕಾಗದ ನಂಬಿಕೊಂಡು ಹೋಗುವುದನ್ನು ನೋಡಿ, ಮಾರನೇ ದಿನ ನಾನು ಯಾವ ಮುಖ ಹೊತ್ತು ಒಲೆ ಹಚ್ಚಲಿ?

"ನಮ್ಮ ಕಡೆಯವ್ಳು" ಎಂದೆ ಡಾಕ್ಟ್ರಮ್ಮನಿಗೆ. "ಕೊಡಿ ಇಲ್ಲಿ."

"ಸಂಬಂಧ ಬರೀಬೇಕಲ್ಲಮ್ಮ. ನೀವು ಏನಾಗ್ಬೇಕು?"

"ಅಕ್ಕ."

ಡಾಕ್ಟ್ರಮ್ಮ ನನ್ನ ತಲೆಯ ಮೇಲಿನ ಸೆರಗನ್ನು ನೋಡಿದರು, ಬಾಗಿಲಾಚೆ ಮಂಚದ ಮೇಲಿದ್ದ ಆ ಕೆಂಚು ಕೂದಲನ್ನು ನೋಡಿದರು. ಹೆಚ್ಚು ಕೇಳದೆ ಬರೆದುಕೊಂಡರು. ನಾನು ಉರ್ದುವಿನಲ್ಲಿ ಸಹಿ ಹಾಕಿದೆ. ಯಜಮಾನರು ಹಣೆ ಒತ್ತಿಕೊಂಡು ಕೂತರು. ಆಮೇಲೆ ಎದ್ದು ಬಂದು, "ರಕ್ತ ಬೇಕಾದ್ರೆ ನಂದು ತಗೊಳ್ಳಿ ಡಾಕ್ಟ್ರಮ್ಮ" ಎಂದರು. ಅದಕ್ಕೇ ಹೇಳಿದ್ದು, ಅವರು ಕೆಟ್ಟವರಲ್ಲ ಅಂತ.

ಬಾಗಿಲು ಮುಚ್ಚಿತು. ನನಗೆ ಗೊತ್ತಿದ್ದ ದುವಾ ಎಲ್ಲ ಹೇಳಿ ಮುಗಿಯಿತು, ಮತ್ತೆ ಮೊದಲಿನಿಂದ ಹೇಳಿದೆ. ಬಾಗಿಲು ತೆಗೆದಾಗ ಡಾಕ್ಟ್ರಮ್ಮ ಬೆವರು ಒರೆಸಿಕೊಳ್ಳುತ್ತ, "ಇನ್ನೊಂದು ಸ್ವಲ್ಪ ತಡ ಆಗಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ. ಎರಡು ಮೂರು ದಿನ ಕಾಯೋಣ" ಎಂದರು. ಆಗ ನಾನು ಅತ್ತೆ, ಮುಚ್ಚುಮರೆ ಮಾಡದೆ ಅತ್ತೆ.

ನಾಗೇಶ ಬಂದದ್ದು ಆಮೇಲೆ. ಲೈನು ಸಿಕ್ಕಿತ್ತಂತೆ. ಕಂಪನಿಯವರು ಎಲ್ಲ ವಿವರ ಕೇಳಿ, ತಾವು ತಿಳಿಸುವ ತನಕ ಏನೂ ಮಾಡಬೇಡಿ, ಬೆಂಗಳೂರಿನಿಂದ ನಮ್ಮ ಮನುಷ್ಯ ಬರುತ್ತಾನೆ ಎಂದಿದ್ದರಂತೆ.

"ಬರ್ಲಿ" ಎಂದೆ. "ಬಂದು ಹೊಲಿಗೆ ಎಣಿಸ್ಕೊಂಡು ಹೋಗ್ಲಿ."

ಮರಿಯಮ್ಮ ಕಣ್ಣು ಬಿಟ್ಟಳು, ಜ್ವರ ಇಳಿಯಿತು. ನಾನು ಅಲ್ಲೇ ನೆಲದ ಮೇಲೆ ಚಾಪೆ ಹಾಸಿಕೊಂಡಿದ್ದೆ. ಗಂಜಿ ಕುಡಿಯಬಹುದು ಅಂತ ಡಾಕ್ಟ್ರಮ್ಮ ಹೇಳಿದ ದಿನವೇ ಕಂಪನಿಯ ಮನುಷ್ಯ ಬಂದ. ಹೆಸರು ಕೃಷ್ಣಪ್ಪ, ಟೈ ಕಟ್ಟಿ ಬ್ಯಾಗು ಹಿಡಿದಿದ್ದ, ಒಳ್ಳೆಯ ಕನ್ನಡ ಮಾತಾಡುತ್ತಿದ್ದ. ಡಾಕ್ಟ್ರಮ್ಮನ ಹತ್ತಿರ ಎಲ್ಲ ಕೇಳಿ, ಪ್ರಾಣ ಹೋಗುವ ಹೊತ್ತಿನಲ್ಲಿ ಅಪ್ಪಣೆಗೆ ಕಾಯಬೇಕಿಲ್ಲ ಅಂತ ಕಂಪನಿಯ ರೂಲ್ಸಿನಲ್ಲೇ ಇದೆ, ಖರ್ಚಿಗೆ ತೊಂದರೆಯಿಲ್ಲ ಎಂದ. ಅಷ್ಟು ಜೋಪಾನ ಮಾಡಿದ ಕಾಗದದಲ್ಲಿ ಅದೊಂದು ಸಾಲನ್ನು ಅವಳು ಓದಿರಲಿಲ್ಲ ನೋಡಿ. ನಾನು ನಿರಾಳವಾಗಿ ಉಸಿರು ಬಿಟ್ಟೆ. ಅದು ಅವಸರವಾಯಿತು, ಅವನ ಮಾತು ಇನ್ನೂ ಮುಗಿದಿರಲಿಲ್ಲ.

"ಸಹಿ ಹಾಕಿರೋದು ಯಾರು? ಇಲ್ಲಿ ಅಕ್ಕ ಅಂತಿದೆ" ಎಂದ.

"ನಾನೇ."

"ಅಕ್ಕ ಅನ್ನೋದು ಸುಳ್ಳಲ್ವಾ ನಿಮ್ದು?"

"ಸುಳ್ಳೇ" ಎಂದೆ. "ಆ ಸುಳ್ಳು ಹೇಳ್ದೆ ಇದ್ದಿದ್ರೆ ಇವತ್ತು ನೀವು ಬ್ಯಾಗ್ ಬದ್ಲು ಹೆಣದ ಪೆಟ್ಟಿಗೆ ತಗೊಂಡು ಬರ್ಬೇಕಿತ್ತು."

ಯಜಮಾನರು ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಕೃಷ್ಣಪ್ಪ ಕನ್ನಡಕ ತೆಗೆದು ಒರೆಸಿದ. "ನಿಮ್ಮ ಮೇಲೆ ನನಗೇನೂ ದ್ವೇಷ ಇಲ್ಲಮ್ಮ. ಆದ್ರೆ ಸಂಬಂಧ ಇಲ್ದೋರು ಸಂಬಂಧ ಬರೆಸಿದಾರೆ ಅಂತ ನಾನು ತಿಳಿಸ್ಲೇಬೇಕಾಗುತ್ತೆ. ಮೇಲಿನೋರು ಪೊಲೀಸಿಗೆ ಬರೀರಿ ಅಂದ್ರೆ ನನ್ನ ಕೈಲೇನಿಲ್ಲ." ಅಷ್ಟು ಹೇಳಿ ಮಂಚದ ಕಡೆ ತಿರುಗಿ ಮರಿಯಮ್ಮನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದ. ನಿಮ್ಮವರು ಅಂತ ಯಾರಾದರೂ ಇದ್ದಾರೆಯೇ, ತಿಳಿಸಬೇಕಾದವರು, ಎಂದು ಕೇಳಿದ್ದು ಅಂತ ನಾಗೇಶ ನನ್ನ ಕಿವಿಯಲ್ಲಿ ಹೇಳಿದ.

ಅವಳಿಗೆ ಇನ್ನೂ ಕೂರಲು ಆಗುತ್ತಿರಲಿಲ್ಲ. ದಿಂಬಿನ ಮೇಲೆ ತಲೆ ತಿರುಗಿಸಿ ನನ್ನನ್ನು ಹುಡುಕಿದಳು. ಗಂಜಿಯ ಲೋಟ ಹಿಡಿದು ನಿಂತಿದ್ದ ನನ್ನನ್ನು ನೋಡಿ, ಒಂದೊಂದೇ ಮಾತನ್ನು ಹುಡುಕಿ ಹುಡುಕಿ, ಕನ್ನಡದಲ್ಲಿ ಹೇಳಿದಳು.

"ನಾನು ಗುಲ್ಷನ್ ಕಡೆಯವಳು."

ಇದನ್ನು ನಾಗೇಶ ಕಲಿಸಿರಲಿಲ್ಲ, ಆಮೇಲೆ ನಾನು ಕೇಳಿದೆ. ಮಲಗಿದಲ್ಲೇ ಆಚೀಚೆ ಮಂಚದವರು ಮಾತಾಡುವುದನ್ನು ಕೇಳಿ ಕೇಳಿ ತಾನೇ ಜೋಡಿಸಿಕೊಂಡಿದ್ದಳು.

ಕೃಷ್ಣಪ್ಪ ಬರೆದುಕೊಳ್ಳಲು ಪೆನ್ನು ಎತ್ತಿದ. ಆಮೇಲೆ ನಾಗೇಶನಿಗೆ, "ಇದನ್ನ ಇಂಗ್ಲಿಷಲ್ಲಿ ಏನಂತ ಬರೀಲಿ ಮಾರಾಯ್ರೆ?" ಎಂದ.

"ಅಕ್ಕ ಅಂತಿದೆಯಲ್ಲ ಸಾರ್, ಹಾಗೇ ಇರ್ಲಿ ಬಿಡಿ" ಎಂದ ನಾಗೇಶ.

ಕೃಷ್ಣಪ್ಪ ಹಾಗೇ ಬಿಟ್ಟ. ಎಲ್ಲ ಸರಿಯಾಗಿದೆ ಎಂದು ಕೆಳಗೆ ತನ್ನ ಸಹಿ ಹಾಕಿ ಬ್ಯಾಗು ಮುಚ್ಚಿದ. ಗಾಯ ಮಾಗಿದ ಮೇಲೆ ವಿಮಾನದ ಟಿಕೆಟಿಗೆ ಬರೆಯುತ್ತೇನೆ, ಅಲ್ಲಿಯ ತನಕ ಎಲ್ಲಿರುತ್ತೀರಿ ಎಂದು ಮರಿಯಮ್ಮನನ್ನು ಕೇಳಿದ. ಅವಳು ನನ್ನ ಕಡೆ ಕೈ ತೋರಿಸಿದಳು. ಯಜಮಾನರು ಜೀಪಿನಲ್ಲಿ ಹಾಸಲು ಹಾಸಿಗೆ ತರುತ್ತೇನೆ ಎಂದು ಆಗಲೇ ಹೊರಟರು.

ಎಲ್ಲರೆದುರು ಮತ್ತೆ ಅಳುವುದು ಬೇಡವೆಂದು, "ಗಂಜಿ ಆರಿಹೋಗ್ತದೆ, ಕುಡಿ ಮೊದ್ಲು" ಎಂದು ಗದರಿದೆ. ಅವಳು ಲೋಟ ಹಿಡಿದು ನನ್ನನ್ನೇ ನೋಡುತ್ತ, ಒಂದು ಹನಿ ಬಿಡದೆ ಕುಡಿದು, "ಕಡುಬು ಯಾವಾಗ?" ಎಂದು ಕೇಳಿದಳು.