ಕಾಳಗದ ಮೀನಿನ ಸಂಸಾರ

ನಮ್ಮ ಮನೆಯಲ್ಲಿ ಮೀನಿತ್ತು. ಇದನ್ನು ಪಿಸುಗುಟ್ಟಿಕೊಂಡು ಹೇಳುವವಳು ನಾನಲ್ಲ. ಲಿಂಗ ಕಟ್ಟಿದ ಮನೆ, ಹೊತ್ತು ಹೊತ್ತಿಗೆ ವಿಭೂತಿ ಧರಿಸುವ ಮನೆ, ಹುಣಸೂರು ಸಂತೆಯಲ್ಲಿ ಮೀನಿನ ಬುಟ್ಟಿ ಎದುರಾದರೆ ಸೆರಗು ತಾನಾಗಿ ಮೂಗಿಗೆ ಹೋಗುವ ಮನೆ. ಅಂಥ ಮನೆಯ ಹಿತ್ತಲಲ್ಲಿ, ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಕಲ್ಲಿನ ಬಾನಿಯಲ್ಲಿ ಮೀನಿತ್ತು. ಸಾಕಿದವಳು ಈ ಸರ್ವಮಂಗಳ.

ತಂದವರು ನನ್ನ ಯಜಮಾನರು. ಮಲಯದ ರಬ್ಬರ್ ತೋಟದಲ್ಲಿ ಆರು ವರ್ಷ ಗುಮಾಸ್ತಿಕೆ ಮಾಡಿ, ವಾಸಿಯಾಗದ ಜ್ವರ ಹೊತ್ತುಕೊಂಡು, ಯುದ್ಧ ಶುರುವಾಗುವ ಹಿಂದಿನ ವರ್ಷ ಊರಿಗೆ ಬಂದರು. ಕೈಯಲ್ಲಿ ಅಗಲಬಾಯಿಯ ಗಾಜಿನ ಸೀಸೆ. ಅದರೊಳಗೆ ಹೆಬ್ಬೆರಳುದ್ದದ ಮೀನು. ಮೈಯೆಲ್ಲ ನವಿಲುಗರಿಯ ಬಣ್ಣ, ಮೈಗಿಂತ ದೊಡ್ಡ ಬಾಲ.

"ಕಾಳಗದ ಮೀನು ಕಣೆ. ಮೇಲಕ್ಕೆ ಬಂದು ಗಾಳಿ ಕುಡೀತದೆ, ಅದ್ಕೇ ಹಡಗಲ್ಲೂ ಉಳ್ಕೊತು. ಎರಡು ಗಂಡು ಒಂದೇ ಕಡೆ ಬುಟ್ರೆ ಒಂದು ಸಾಯೋಗಂಟ ಕಚ್ಚಾಡ್ತವೆ. ಅಲ್ಲಿ ಜನ ಪಂದ್ಯ ಕಟ್ತಾರೆ. ಇದು ಸೋತಿತ್ತು, ಚರಂಡಿಗೆ ಎಸೀತಿದ್ರು. ನಾನು ಎತ್ಕೊಂಡು ಬಂದೆ" ಅಂದರು. ನಾಲ್ಕು ತಿಂಗಳಿಗೆ ಅವರೇ ಹೋದರು.

ತಿಥಿ ಮುಗಿದ ಮಾರನೆಯ ದಿನವೇ ಯಜಮಾನರ ಅಣ್ಣ, ಬಾವ ಚಿಕ್ಕಬಸಪ್ಪನವರು ಬಂದು, "ಅವ್ವ ನಮ್ಮನೇಗೆ ಬರ್ಲಿ. ನೀನು ತವರಿಗೋಗಿ ಒಂದು ಮೂಲೇಲಿ ಒಬ್ಬಳೇ ಇದ್ಕೊ. ಗಂಡ ಸತ್ತೋಳಿಗೆ ಅದೇ ನ್ಯಾಯ" ಅಂದರು. ನಮ್ಮತ್ತೆ ಶಿವರುದ್ರಮ್ಮ ಕದಲಲಿಲ್ಲ. "ಮಗ ಪ್ರಾಣ ಬುಟ್ಟ ಮನೆ ಬುಟ್ಟು ನಾನು ಬರಾಕಿಲ್ಲ" ಅಂದುಬಿಟ್ಟರು. ಹೀಗೆ ನಾವಿಬ್ಬರು ಉಳಿದೆವು. ನಾನು ಬೇಯಿಸುವುದು, ಅವರು ಉಣ್ಣುವುದು, ಇಬ್ಬರೂ ಸೇರಿ ಅಳುವುದು. ಆದರೆ ಆ ಮೀನಿನ ಕಡೆ ಅತ್ತೆ ಒಂದು ದಿನವೂ ಕಣ್ಣು ಹಾಯಿಸಲಿಲ್ಲ. ಅದು ಬಂದ ಕಾಲ್ಗುಣಕ್ಕೇ ಮಗ ಹೋದನೆಂದು ಅವರ ಮನಸ್ಸಿನಲ್ಲಿತ್ತು.

ಒಬ್ಬಳೇ ಇರಬೇಕು ಅಂದರೆ ಆಗಿನಿಂದ ನನಗೆ ಮೈಯೆಲ್ಲ ಉರಿ. ಮೀನೂ ಒಂಟಿಯಾಗಿಯೇ ಇರಬೇಕಂತೆ. ಯಾಕಿರಬೇಕು? ಅದನ್ನು ಬಾನಿಗೆ ಬಿಟ್ಟು, ಹೊಳೆಯ ಸಣ್ಣ ಮೀನು ನಾಲ್ಕನ್ನು ಜೊತೆಗೆ ಹಾಕಿದೆ. ಕಚ್ಚಿದ್ದು ನಮ್ಮದಲ್ಲ, ಅವೇ! ಸಂಜೆಯೊಳಗೆ ಇದರ ಬಾಲ ಹರಿದು ಚಿಂದಿಯಾಗಿತ್ತು. ಜಗಳಗಂಟ ಅಂತ ಹೆಸರು ಹೊತ್ತವನು ಒಬ್ಬ, ಜಗಳ ಕಾಯುವವರೇ ಬೇರೆ.

ಅವನ್ನು ಹಿಡಿದು ಹೊಳೆಗೆ ಬಿಡುವಾಗ ಲಕ್ಷ್ಮಣತೀರ್ಥದಲ್ಲಿ ಬಲೆ ಹಾಕುವ ಕೆಂಪಾಜಮ್ಮ ನೋಡಿ ನಕ್ಕಳು. "ಮೀನಿಗೆ ಮೀನು ಯಾಕವ್ವಾರೆ? ಸೀಗಡಿ ಬುಡಿ. ತಿಂದು ಮಿಕ್ಕಿದ್ದೆಲ್ಲ ಬಳ್ಕೊಂಡು ತಮ್ಮ ಪಾಡಿಗೆ ತಾವಿರ್ತವೆ" ಅಂದಳು. ಅವಳು ಕೊಟ್ಟ ಎರಡನ್ನು ಹಾಗೇ ಬಾನಿಗೆ ಸುರಿದೆ. ಮೀನು ಎರಡನ್ನೂ ಮುಗಿಸಿತು. ನನಗೂ ಹಟ ಬಂತು. ಮೀನನ್ನು ಸೀಸೆಗೆ ತೆಗೆದು, ಬಾನಿಗೆ ದಟ್ಟವಾಗಿ ಹೊಳೆಗಿಡ ತುಂಬಿ, ಅವಿತುಕೊಳ್ಳಲು ಮಡಕೆಯ ಚೂರು ಹಾಕಿದೆ. ಕೆಂಪಾಜಮ್ಮ ಮುತ್ತುಗದೆಲೆಯಲ್ಲಿ ಕಟ್ಟಿ ತಂದ ಹನ್ನೆರಡು ಸೀಗಡಿಗಳನ್ನು ಮೊದಲು ಬಿಟ್ಟೆ. ಅವು ಮನೆಮಾಡಿಕೊಂಡ ಹದಿನೈದು ದಿನಕ್ಕೆ, ಮೀನಿಗೆ ಹೊಟ್ಟೆ ಬಿರಿಯುವಷ್ಟು ಸೊಳ್ಳೆಮರಿ ತಿನ್ನಿಸಿ ಒಳಗೆ ಬಿಟ್ಟೆ. ಬಂದವನು ಈಗ ಅವನು, ಮನೆ ಅವುಗಳದ್ದು. ಒಂದೆರಡು ದಿನ ಸೆಟೆದುಕೊಂಡು ತಿರುಗಿದ, ಆಮೇಲೆ ಸುಮ್ಮನಾದ.

ಆದರೆ ಆ ಮುತ್ತುಗದೆಲೆಯ ಕಟ್ಟು ಹಿತ್ತಲ ಬಾಗಿಲಲ್ಲಿ ಕೈ ಬದಲಾದದ್ದನ್ನು ಅತ್ತೆ ನೋಡಿದ್ದರು. ನಮ್ಮವರಿಗೆ ಸೀಗಡಿ ಅಂದರೆ ತಿನ್ನುವುದು, ಇಲ್ಲವೇ ತಿನ್ನದಿರುವುದು. ಸಾಕುವುದು ಎಂಬ ಮೂರನೆಯ ದಾರಿ ಯಾರ ತಲೆಗೂ ಹೊಳೆಯಲಿಲ್ಲ. ಅತ್ತೆ ಆರು ತಿಂಗಳು ಸಂಕಟ ನುಂಗಿಕೊಂಡಿದ್ದು, ತಡೆಯಲಾರದೆ ಒಂದು ದಿನ ದೊಡ್ಡ ಮಗನ ಹತ್ತಿರ ಅತ್ತರು. ಬಾವನಿಗೆ ಅಷ್ಟು ಸಾಕಾಗಿತ್ತು. ಸೋಮವಾರ ಬೆಳಿಗ್ಗೆ ಮಠದ ಅಯ್ಯನವರು, ಕುಲದ ಹಿರಿಯರು ಎಲ್ಲ ನಮ್ಮ ಜಗಲಿಯ ಮೇಲಿದ್ದರು.

"ಲಿಂಗ ಕಟ್ಕೊಂಡು ಸೀಗಡಿ ತಿಂದಿದ್ದೀಯ?" ಅಂದರು ಅಯ್ಯನವರು.

ನಾನು ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದೆ. "ಬುದ್ಧಿ, ಹನ್ನೆರಡು ತಂದು ಬುಟ್ಟಿದ್ದೆ. ಈಗ ಎಷ್ಟವೆ, ಎಣಿಸ್ಕಳಿ. ಒಂದು ಕಮ್ಮಿಯಿದ್ರೂ ನಾನು ತಿಂದೆ ಅನ್ನಿ."

ಬಾವನವರೇ ಪಂಚೆ ಎತ್ತಿ ಕಟ್ಟಿ ಬಗ್ಗಿದರು. ಇಪ್ಪತ್ತರ ತನಕ ಎಣಿಸಿದರು. ಗಿಡದೊಳಗಿಂದ ಮರಿಗಳ ಹಿಂಡು ಹೊರಬಿತ್ತು, ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದರು. ಹಿರಿಯರೊಬ್ಬರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಆ ಮೀನು ಕಿವಿರನ್ನು ಗಡ್ಡದ ಹಾಗೆ ಬಿಚ್ಚಿಕೊಂಡು ನೇರ ಬಾವನ ಮೂಗಿನ ಕಡೆಗೇ ಬಂತು. ನಿಜ ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ತಿಂದಿಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಆದರೆ ನಾಲ್ಕು ಜನರ ಮುಂದೆ ಕೂತ ದೊಡ್ಡವರು ಬರಿಗೈಲಿ ಎದ್ದು ಹೋಗುವುದುಂಟೆ? ಮತ್ತೆ ಜಗಲಿಗೆ ಬಂದು ಕೂತು ಅಯ್ಯನವರು ಹೇಳಿದರು. "ತಿಂದಿಲ್ಲ ಸರಿ. ಆದ್ರೂ ಶಿವಾಚಾರದ ಮನೇಲಿ ಇದೆಲ್ಲ ಕೂಡದು. ಇವತ್ತೇ ಹೊಳೆಗೆ ಸುರ್ದು ಬಾ. ಇಲ್ದಿದ್ರೆ ಇವತ್ತಿಂದ ನಿನ್ನ ಕೈ ನೀರು ಯಾರೂ ಮುಟ್ಟಂಗಿಲ್ಲ. ನಿಮ್ಮತ್ತೇನೂ ದೊಡ್ಡ ಮಗನ ಮನೇಗೆ ಓಗ್ಬೇಕಾಯ್ತದೆ."

ಅತ್ತೆ ಹೋದರೆ ಆ ಮನೆಯಲ್ಲಿ ನನಗೆ ಮಾತಾಡಲು ಗೋಡೆಯೊಂದೇ ಗತಿ. ಆದರೆ ಹೊಳೆಯ ಸೆಳವಿಗೆ ಬಿದ್ದರೆ ಆ ಮೀನು ಒಂದು ಗಳಿಗೆಯೂ ಉಳಿಯದು. ಸಾಯುವುದಕ್ಕೆ ಎಸೆದಿದ್ದನ್ನು ನನ್ನ ಗಂಡ ಕೈಯೊಡ್ಡಿ ಎತ್ತಿಕೊಂಡಿದ್ದರು. ಅದನ್ನು ನನ್ನ ಕೈಯಿಂದ ಮತ್ತೆ ಎಸೆಯುವುದೆ?

"ಬುಡಾಕಿಲ್ಲ ಬುದ್ಧಿ" ಅಂದೆ. "ತಪ್ಪು ಮಾಡಿದ್ರೆ ಅಡ್ಡ ಬೀಳ್ತಿದ್ದೆ. ಮಾಡಿಲ್ಲ. ಮೀನೂ ಬುಡಲ್ಲ, ಸೀಗಡೀನೂ ಬುಡಲ್ಲ."

ಬಾವ ತಾಯಿಯ ಕಡೆ ತಿರುಗಿ, "ಏಳವ್ವ, ಬಟ್ಟೆ ಗಂಟು ಕಟ್ಕೊ" ಅಂದರು.

ಅತ್ತೆ ಕಂಬ ಹಿಡಿದುಕೊಂಡು ಎದ್ದರು. ನಾನು ಕಣ್ಣು ಮುಚ್ಚಿಕೊಂಡೆ.

"ಮಂಗಳ, ಬಾಯಾರ್ತದೆ. ಒಂದು ಚೆಂಬು ನೀರು ತತ್ತಾ" ಅಂದರು.

ತಂದುಕೊಟ್ಟೆ. ಅಯ್ಯನವರ ಎದುರಿಗೇ ನಿಂತು ಗಟಗಟ ಕುಡಿದರು. ಅರ್ಧ ಮಿಕ್ಕಿತ್ತು. ಅದನ್ನು ದೊಡ್ಡ ಮಗನ ಕೈಗೆ ತುರುಕಿ, "ಈ ನೀರು ಕುಡ್ದೋಳ ಮಗ ಕಣ್ಲಾ ನೀನು. ಬಹಿಷ್ಕಾರ ಆಕಿಸ್ತೀಯಾ? ನನ್ನಿಂದ್ಲೇ ಶುರು ಮಾಡ್ಸು" ಅಂದರು.

ಬಾವ ಚೆಂಬು ಹಿಡಿದು ನಿಂತೇ ಇದ್ದರು. ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ಅಯ್ಯನವರು ಶಲ್ಯ ಕೊಡವಿಕೊಂಡು ಎದ್ದರು. ಉಳಿದವರೂ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು.

ಅತ್ತೆ ಅವರನ್ನು ಕಳಿಸಲು ಬಾಗಿಲ ತನಕವೂ ಹೋಗಲಿಲ್ಲ. ನನ್ನ ರಟ್ಟೆ ಹಿಡಿದುಕೊಂಡು ಹಿತ್ತಲಿಗೆ ಬಂದು, ಬಾನಿಯ ಅಂಚಿಗೆ ಕೈಯೂರಿ, ಮಂಜುಗಣ್ಣನ್ನು ನೀರಿಗೆ ತಾಗುವಷ್ಟು ತಗ್ಗಿಸಿದರು.

"ನನ್ನ ಮಗ ತಂದುದ್ದು ಯಾವುದವ್ವಾ? ತೋರ್ಸು" ಅಂದರು.