ತಗಡಿನ ಬಾಗಿಲ ಸಿನಿಮಾ

ಬಾಲಮ್ಮನಿಗೆ ಮೂರು ಹುಚ್ಚು ಎಂದು ಅವಳ ತಾಯಿ ಗೋಪಮ್ಮ ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಬುಟ್ಟಿ ಚೆಂಡಿನ ಹುಚ್ಚು, ಹಾಡಿನ ಹುಚ್ಚು, ಸಿನಿಮಾದ ಹುಚ್ಚು. ಹೇಳುವಾಗ ಬೈಗುಳದ ದನಿ ಇರುತ್ತಿತ್ತು, ಆದರೆ ಅದರ ಒಳಗೆ ಸ್ವಲ್ಪ ಹೆಮ್ಮೆಯೂ ಸೇರಿಕೊಂಡಿರುತ್ತಿತ್ತು.

ಅವರ ಮನೆ ರಾಯಚೂರಿನ ಸ್ಟೇಷನ್ನಿನ ಹಿಂದಿದ್ದ ಗುಡಿಸಲುಗಳ ಸಾಲಿನಲ್ಲಿತ್ತು. ತಂದೆ ಅಯ್ಯಣ್ಣ ದೇವದುರ್ಗದಿಂದ ದುಡಿಯಲು ಬಂದವನು, ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಮಗಳೂ ಅಲ್ಲಿಯೇ ಹತ್ತಿಯ ಕಸ ಆರಿಸುವುದು ಬೇಡವೆಂದು ಶಾಲೆಗೆ ಹಾಕಿದ್ದ. ಆ ಶಾಲೆಗೆ ಹೈದರಾಬಾದಿನಿಂದ ಶಹಜಾದಿ ಬೇಗಂ ಎಂಬ ಡ್ರಿಲ್ ಟೀಚರು ಬಂದರು. ಹುಡುಗಿಯರು ಅವರನ್ನು ಉಸ್ತಾನಿ ಎಂದು ಕರೆಯುತ್ತಿದ್ದರು. ಆಕೆ ತಮ್ಮ ಪೆಟ್ಟಿಗೆಯಲ್ಲಿ ಒಂದು ಚರ್ಮದ ಚೆಂಡು ತಂದಿದ್ದರು. ಕಮ್ಮಾರನ ಕಡೆಯಿಂದ ಎರಡು ಕಬ್ಬಿಣದ ಬಳೆ ಮಾಡಿಸಿ, ಎತ್ತರದ ಕಂಬಗಳಿಗೆ ಹೊಡೆಸಿ, ಅಂಗಳದ ಎರಡು ತುದಿಗೆ ನೆಡಿಸಿದರು. ಇದರ ಹೆಸರು ಬಾಸ್ಕೆಟ್‌ಬಾಲ್ ಎಂದರು.

ಮೊದಲ ದಿನ ಆ ಬಳೆಯೊಳಗೆ ಚೆಂಡು ಹಾಕಿದವಳು ಜೈನಾಬ್. ಎರಡನೆಯವಳು ಬಾಲಮ್ಮ. ಅಂದಿನಿಂದ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತರು. ಜೈನಾಬ್ ಅಷ್ಟೇನೂ ಎತ್ತರದವಳಲ್ಲ, ಆದರೆ ಅವಳ ಕೈಗಳು ಚೆಂದ. ಬೆರಳುಗಳು ಉದ್ದ. ಚೆಂಡು ಅವಳ ಕೈಬಿಟ್ಟು ಹೋಗುವಾಗ ಸಪ್ಪಳವೇ ಆಗುತ್ತಿರಲಿಲ್ಲ. ಬಾಲಮ್ಮ ಎತ್ತರದವಳು, ಗದ್ದಲದವಳು. ಆಡುತ್ತ ಆಡುತ್ತ ಹಾಡುತ್ತಿದ್ದಳು. ಉಸ್ತಾನಿ ಅವಳಿಗೆ "ಗ್ರಾಮಫೋನ್" ಎಂದೇ ಹೆಸರಿಟ್ಟಿದ್ದರು.

ಹಾಡುಗಳು ಬರುತ್ತಿದ್ದುದು ಟಾಕೀಸಿನಿಂದ. ಸಿನಿಮಾ ಶುರುವಾಗುವ ಮುಂಚೆ ಅಲ್ಲಿ ರೆಕಾರ್ಡು ಹಾಕುತ್ತಿದ್ದರು. ಬಾಲಮ್ಮ ಕೊಡ ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಆತು ನಿಂತು ಕೇಳುತ್ತಿದ್ದಳು. ಎರಡು ಸಲ ಕೇಳಿದರೆ, ಹಿಂದಿ ಅರ್ಥವಾಗದಿದ್ದರೂ, ಹಾಡು ಅವಳದಾಗುತ್ತಿತ್ತು. ಜೈನಾಬಳ ಸ್ನೇಹವಾದ ಮೇಲೆ ಗೋಡೆಯ ಆಚೆ ನಿಲ್ಲುವ ಕಷ್ಟ ತಪ್ಪಿತು. ಜೈನಾಬಳ ತಂದೆ ಕುತುಬುದ್ದೀನ್ ಅದೇ ಟಾಕೀಸಿನಲ್ಲಿ ಸಿನಿಮಾ ಯಂತ್ರ ನಡೆಸುವ ಆಪರೇಟರ್ ಆಗಿದ್ದ. ರವಿವಾರ ಮಧ್ಯಾಹ್ನದ ಆಟಕ್ಕೆ ಇಬ್ಬರನ್ನೂ ಯಂತ್ರದ ಕೋಣೆಯಲ್ಲಿ ಒಂದು ಮೂಲೆಗೆ ಕೂರಿಸುತ್ತಿದ್ದ.

ಸಣ್ಣ ಕಿಂಡಿಯಿಂದ ಬೊಂಬಾಯಿಯ ಹೆಣ್ಣುಗಳು ಅಳುವುದನ್ನೂ ಹಾಡುವುದನ್ನೂ ಅವರು ನೋಡುತ್ತಿದ್ದರು. ರೀಲು ಹರಿದರೆ ಕುತುಬುದ್ದೀನ್ ಕೆಟ್ಟ ತುದಿಯನ್ನು ಕತ್ತರಿಸಿ, ಅಂಟು ಹಚ್ಚಿ ಜೋಡಿಸುತ್ತಿದ್ದ. ಕತ್ತರಿಸಿದ ಚೂರುಗಳನ್ನು ನೀರಿನ ಡಬ್ಬಿಗೆ ಹಾಕುತ್ತಿದ್ದ. ಒಂದೆರಡು ಚೂರು ಕೊಡೆಂದು ಬಾಲಮ್ಮ ಕಾಡಿದಾಗ ಅವನು ಬಹಳ ದಿನ ಒಪ್ಪಲಿಲ್ಲ.

"ಇದು ತೋಪಿನ ಮದ್ದು ಇದ್ದಂಗ ಅದ, ಬೇಟಿ. ಕಿಡಿ ತಾಗಿದ್ರ ಸಾಕು, ನೀರು ಹಾಕಿದ್ರೂ ಆರಂಗಿಲ್ಲ."

"ಒಲಿ ಹತ್ರ ಒಯ್ಯಂಗಿಲ್ರಿ ಚಾಚಾ. ಬರೇ ಬಿಸಲಿಗೆ ಹಿಡದು ನೋಡ್ತೀನಿ."

ಕೊನೆಗೆ ಕೊಟ್ಟ. ಬೆರಳುದ್ದದ ಚೂರುಗಳು. ಬಾಲಮ್ಮ ಅವನ್ನು ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಇಟ್ಟಳು. ಬೇಸಿಗೆ ಬರುವ ಹೊತ್ತಿಗೆ ಡಬ್ಬಿ ಅರ್ಧ ತುಂಬಿತ್ತು.

ಆ ವರ್ಷ, ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆಯಲ್ಲಿ, ಒಂದು ಸಿನಿಮಾ ಮೂರು ವಾರ ನಡೆಯಿತು. ಅದರಲ್ಲಿ ನಾಯಕಿ ಕಿಟಕಿಯ ಸರಳು ಹಿಡಿದು ಹಾಡುವ ಒಂದು ಹಾಡಿತ್ತು. ಮೂರನೆಯ ರವಿವಾರ ರೀಲು ಸರಿಯಾಗಿ ಅಲ್ಲಿಯೇ ಹರಿಯಿತು. ಕುತುಬುದ್ದೀನ್ ಮೊಳದುದ್ದದ ತುಂಡನ್ನು ಬಿಡಿಸಿ ಮೇಜಿನ ಮೇಲೆ ಇಟ್ಟ. ಅದರ ಅಂಚು ಸರಿಮಾಡಿ ಮತ್ತೆ ಜೋಡಿಸುವುದಿತ್ತು. ಅಷ್ಟರಲ್ಲಿ ಕೆಳಗಿನಿಂದ ಮ್ಯಾನೇಜರ್ ಜಹೀರುದ್ದೀನ್ ಕೂಗಿದ. ಕುತುಬುದ್ದೀನ್ ಇಳಿದು ಹೋದ. ಜೈನಾಬ್ ಕಿಂಡಿಯ ಕಡೆ ಮುಖ ಮಾಡಿದ್ದಳು. ಬಾಲಮ್ಮ ಆ ತುಂಡನ್ನು ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಮರುದಿನದ ಆಟದಲ್ಲಿ ಹಾಡು ನಡುವೆಯೇ ಹಾರಿತು. ಜನ ಕುರ್ಚಿ ಬಡಿದು ಕೂಗಾಡಿದರು. ಜಹೀರುದ್ದೀನ್ ಕುತುಬುದ್ದೀನ್‌ನನ್ನು ಎಲ್ಲರೆದುರು ಬೈದ. ಬಾಲಮ್ಮನಿಗೆ ಇದು ಜೈನಾಬಳಿಂದಲೇ ತಿಳಿಯಿತು. "ನಮ್ಮ ಅಬ್ಬಾ ಆ ತುಂಡಿಗೆ ಮನಿಯೆಲ್ಲಾ ಹುಡುಕಾಕತ್ತಾರ" ಎಂದಳು ಜೈನಾಬ್. ಆ ತುಂಡನ್ನು ಒಮ್ಮೆ ಗೋಡೆಯ ಮೇಲೆ ದೊಡ್ಡದಾಗಿ ನೋಡಬೇಕು, ಆಮೇಲೆ ಹೇಗಾದರೂ ಮೇಜಿನ ಕೆಳಗೆ ಹಾಕಿಬಿಡಬೇಕು ಎಂದು ಬಾಲಮ್ಮ ಅಂದುಕೊಂಡಿದ್ದಳು.

ಗುಡಿಸಲಿನ ಬಾಗಿಲು ಎಣ್ಣೆ ಡಬ್ಬಿಗಳನ್ನು ಬಡಿದು ಮಾಡಿದ ತಗಡಿನದು. ಅದರಲ್ಲೊಂದು ತೂತಿತ್ತು. ಒಂದು ಮಧ್ಯಾಹ್ನ, ತಂದೆತಾಯಿ ಕೆಲಸಕ್ಕೆ ಹೋಗಿದ್ದಾಗ, ಬಾಲಮ್ಮ ಹೊರಗೆ ಕನ್ನಡಿಯೊಂದನ್ನು ಇಟ್ಟು ಬಿಸಿಲನ್ನು ಆ ತೂತಿಗೆ ಓರೆಯಾಗಿ ತಿರುಗಿಸಿದಳು. ಒಳಗೆ ಕತ್ತಲೆ. ತಂಗಿ ಶೇಖಮ್ಮ ಮತ್ತು ಓಣಿಯ ಐದು ಮಕ್ಕಳು ಹಿಂದಿನ ಗೋಡೆಗೆ ಒರಗಿ ಕೂತಿದ್ದರು. ಜೈನಾಬ್ ಬಾಗಿಲ ಬಳಿ ಡಬ್ಬಿ ತೆರೆದಿಟ್ಟುಕೊಂಡು ಒಂದೊಂದೇ ಚೂರನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಅದರ ಮುಂದೆ ಬಾಲಮ್ಮ ಸಂತೆಯಲ್ಲಿ ಕೊಂಡ ಎರಡು ಭೂತಗನ್ನಡಿಗಳಲ್ಲಿ ಒಂದನ್ನು ಹಿಡಿದಿದ್ದಳು. ಪಕ್ಕದ ಗೋಡೆಯ ಮೇಲೆ ಮುಖಗಳು ಮಸುಕಾಗಿ ಮೂಡುತ್ತಿದ್ದವು.

"ಕಾಣವಲ್ದು ಅಕ್ಕಾ" ಎಂದಳು ಶೇಖಮ್ಮ.

ಬಾಲಮ್ಮ ಇನ್ನೊಂದು ಭೂತಗನ್ನಡಿಯನ್ನು ತೂತಿನ ಬಾಯಿಗೇ ಇಟ್ಟಳು. ಬೆಳಕು ಒಮ್ಮೆಲೇ ಬಲವಾಯಿತು. ಅವಳು ಕದ್ದ ತುಂಡನ್ನು ಜೈನಾಬಳ ಕೈಗೆ ಕೊಟ್ಟಳು. ಜೈನಾಬ್ ಅದನ್ನು ಬೆರಳಿನಿಂದ ಸವರಿ ನೋಡಿದಳು. ಅವಳ ಕಣ್ಣು ಒಮ್ಮೆ ಬಾಲಮ್ಮನ ಕಡೆ ಹೋಯಿತು. ಏನೋ ಕೇಳುವುದರಲ್ಲಿದ್ದಳು, ಆದರೆ ಮಕ್ಕಳು ಅವಸರ ಮಾಡುತ್ತಿದ್ದರು. ಹಿಡಿದಳು. ಕಿಟಕಿಯ ಸರಳು, ಅದರ ಹಿಂದೆ ಆ ಮುಖ, ಮಣ್ಣಿನ ಗೋಡೆಯ ಮೇಲೆ ಚೊಕ್ಕವಾಗಿ ನಿಂತಿತು. ಮಕ್ಕಳು ಕೇಕೆ ಹಾಕಿದರು. ಬಾಲಮ್ಮ ಹಾಡತೊಡಗಿದಳು.

"ಬಿಸಿ ಆಗಾಕತ್ತದ ಬೇ" ಎಂದಳು ಜೈನಾಬ್.

"ತಡಿ, ಇನ್ನೊಂದೇ ನುಡಿ ಅದ. ಹಂಗೇ ಹಿಡಿ."

ಗೋಡೆಯ ಮೇಲಿನ ಮುಖದ ನಡುವೆ ಕಪ್ಪು ಕಲೆ ಹುಟ್ಟಿ ಅಗಲವಾಯಿತು. ತುಂಡು ಭುಗ್ಗನೆ ಹೊತ್ತಿ ಜೈನಾಬಳ ಕೈಯಿಂದ ಜಾರಿ ತೆರೆದ ಡಬ್ಬಿಗೆ ಬಿತ್ತು. ಸೀಟಿ ಊದಿದ ಹಾಗೆ ಸದ್ದು, ಬಿಳಿ ಉರಿ, ಗಂಟಲು ಕಟ್ಟುವ ಹೊಗೆ. ಉರಿ ಇದ್ದದ್ದು ಬಾಗಿಲಲ್ಲಿ. ಮಕ್ಕಳು ಇದ್ದದ್ದು ಆಚೆ ಗೋಡೆಗೆ. ತಲೆಯ ಮೇಲೆ ಒಣಗಿದ ಹುಲ್ಲಿನ ಚಾವಣಿ. ಬಾಲಮ್ಮ ನಿಂತಲ್ಲೇ ನಿಂತಳು. ಜೈನಾಬ್ ಎರಡೂ ಕೈಯಿಂದ ಡಬ್ಬಿ ಎತ್ತಿದಳು, ಭುಜದಿಂದ ಬಾಗಿಲು ನೂಕಿ ಹೊರಗೆ ಓಡಿದಳು. ಬಾಗಿಲ ಬಳಿ ಕಟ್ಟಿಗೆ ಒಟ್ಟಿತ್ತು, ಎರಡೂ ಕಡೆ ಗುಡಿಸಲುಗಳಿದ್ದವು. ಅವಳು ಅಲ್ಲಿ ಎಸೆಯಲಿಲ್ಲ. ಬಯಲು ಸಿಗುವ ತನಕ ಹಿಡಿದುಕೊಂಡೇ ಹೋದಳು. ಇಪ್ಪತ್ತು ಹೆಜ್ಜೆ ಇರಬಹುದು.

ಒಂದು ಮಗುವಿಗೂ ಏನೂ ಆಗಲಿಲ್ಲ. ಒಂದು ಗುಡಿಸಲೂ ಸುಡಲಿಲ್ಲ.

ದವಾಖಾನೆಯಲ್ಲಿ ಜೈನಾಬಳ ಎರಡೂ ಕೈಗೆ ಮೊಣಕೈವರೆಗೆ ಪಟ್ಟಿ ಸುತ್ತಿದರು. ಜ್ವರದಲ್ಲಿ ಅವಳು ಯಾರನ್ನೂ ಗುರುತಿಸುತ್ತಿರಲಿಲ್ಲ. ಅವಳ ತಾಯಿ ದಾವಲ್ ಬೀ ಕಾಲ ಬಳಿ ಕೂತು ನೊಣ ಹೊಡೆಯುತ್ತಿದ್ದಳು. ಬಾಲಮ್ಮ ಬಾಗಿಲತನಕ ಹೋಗಿ, ಆ ವಾಸನೆಗೆ ಹೆದರಿ ತಿರುಗಿ ಬಂದಳು.

ಐದನೆಯ ದಿನ ಮ್ಯಾನೇಜರ್ ಜಹೀರುದ್ದೀನ್ ಓಣಿಗೆ ಬಂದ, ಜೊತೆಗೆ ಕುತುಬುದ್ದೀನ್‌ನನ್ನು ಕರೆದುಕೊಂಡು. ಸುಟ್ಟ ಡಬ್ಬಿಯನ್ನು ಕಾಲಿನಿಂದ ಹೊರಳಿಸಿ ನೋಡಿದ. ಮಕ್ಕಳು ಆ ಹೊತ್ತಿಗೆ ಕಿಟಕಿಯ ಹೆಣ್ಣಿನ ಮುಖ ಕಂಡ ಸುದ್ದಿಯನ್ನು ಊರೆಲ್ಲ ಹೇಳಿದ್ದರು.

"ಮಾಲಕರ ರೀಲು ಟಾಕೀಸಿನಿಂದ ಹೊರಗ ತಂದವರು ಯಾರು?"

ಓಣಿಯವರೆಲ್ಲ ನಿಂತಿದ್ದರು. ಬಾಲಮ್ಮ ತಾಯಿಯ ಹಿಂದೆ ಇದ್ದಳು. ನಾಲಿಗೆಯ ತುದಿಗೆ ಮಾತು ಬಂದಿತ್ತು. ತಂದೆಯ ಮುಖ ನೋಡಿದಳು, ಶಾಲೆ ನೆನೆದಳು, ಮಳೆಗಾಲದಲ್ಲಿ ಗುಲ್ಬರ್ಗಾಕ್ಕೆ ಆಡಲು ಹೋಗುವುದಿತ್ತು, ಅದನ್ನೂ ನೆನೆದಳು. ಮಾತು ಅಲ್ಲೇ ನಿಂತಿತು.

"ನಾನೇ ಕೊಟ್ಟೀನಿ ಸಾಬ್" ಎಂದ ಕುತುಬುದ್ದೀನ್. "ಸಣ್ಣ ಚೂರು ನಾನೇ ಕೊಟ್ಟೀನಿ. ಆ ದೊಡ್ಡದು ನನ್ನ ಮಗಳು ತಂದಿರಬೇಕು."

ಅಂದೇ ಅವನ ಕೆಲಸ ಹೋಯಿತು. ಜೈನಾಬ್ ದವಾಖಾನೆಯಿಂದ ಬಂದ ಎಂಟು ದಿನಕ್ಕೆ ಅವರು ಮನೆ ಖಾಲಿ ಮಾಡಿ ದಾವಲ್ ಬೀಯ ತವರಾದ ಮಾನ್ವಿಗೆ ಹೋದರು. ಗಾಡಿ ಹೊರಡುವಾಗ ಬಾಲಮ್ಮ ಹೋಗಲಿಲ್ಲ.

ಶಾಲೆ ಮತ್ತೆ ತೆರೆಯಿತು. ಉಸ್ತಾನಿ ಬಾಲಮ್ಮನನ್ನು ಜೈನಾಬಳ ಜಾಗಕ್ಕೆ ಹಾಕಿದರು. ಅವಳು ಬೇಡವೆಂದಳು. "ಯಾರಾದರೂ ಆಡಲೇಬೇಕು" ಎಂದಷ್ಟೇ ಹೇಳಿ ಅವರು ಚೆಂಡು ಅವಳ ಕೈಗಿಟ್ಟರು. ಶ್ರಾವಣದಲ್ಲಿ ಒಂಬತ್ತು ಹುಡುಗಿಯರು ರೈಲು ಹತ್ತಿ ಗುಲ್ಬರ್ಗಾಕ್ಕೆ ಹೋದರು. ಅಲ್ಲಿಯ ಅಂಗಳಕ್ಕೆ ಸುಣ್ಣದ ಗೆರೆ ಹಾಕಿದ್ದರು, ಸುತ್ತ ಜನ ಸೇರಿದ್ದರು. ಬಾಲಮ್ಮ ಅಂದು ಚೆನ್ನಾಗಿ ಆಡಿದಳು. ಅವಳು ಹಾರಿದಾಗಲೆಲ್ಲ ಜನ ಹೋ ಎನ್ನುತ್ತಿದ್ದರು. ಬೆವರಿಗೆ ಕಣ್ಣು ಉರಿಯುತ್ತಿತ್ತು, ಎದೆಯಲ್ಲಿ ಹಾಡು ತಾನಾಗಿ ಏಳುತ್ತಿತ್ತು. ರಾಯಚೂರು ಗೆದ್ದಿತು. ಹುಡುಗಿಯರು ಅವಳನ್ನು ಎತ್ತಿಕೊಂಡರು.

ಮರಳಿ ಬರುವಾಗ ಕೃಷ್ಣಾ ಸೇತುವೆಯ ಮೇಲೆ ರೈಲು ಸದ್ದು ಮಾಡಿದಾಗ ಅವಳಿಗೆ ಹೊಳೆಯಿತು: ಆಡಿದ ಆ ಒಂದು ಗಂಟೆ ಅವಳಿಗೆ ಜೈನಾಬಳ ನೆನಪೇ ಇರಲಿಲ್ಲ. ಅವಳು ಎದ್ದು ಬಾಗಿಲ ಬಳಿ ಹೋಗಿ ಊರು ಬರುವ ತನಕ ಒಬ್ಬಳೇ ನಿಂತಳು. ಉಸ್ತಾನಿ ಬೆನ್ನು ತಟ್ಟಿ, ಆಡಿದ ದಣಿವು ಎಂದರು.

ದಸರೆಯ ರಜೆಗೆ ಗೋಪಮ್ಮ ಮಕ್ಕಳನ್ನು ಕರೆದುಕೊಂಡು ದೇವದುರ್ಗಕ್ಕೆ ಹೋದಳು. ತಿರುಗಿ ಬರುವಾಗ ಸಿರವಾರದ ಮೇಲೆ ಹಾಯ್ದು ಮಾನ್ವಿಗೆ ಬಂದರು, ಅಲ್ಲಿ ಬಸ್ಸು ಬದಲಿಸಬೇಕಿತ್ತು. ಬಾಲಮ್ಮ ಹಟ ಹಿಡಿದಳು.

"ಯವ್ವಾ, ಜೈನಾಬ್‌ನ ನೋಡಿ ಬರ್ತೀನಿ. ಬಸ್ಸು ಹೊಂಡೂದರಾಗ ಬರ್ತೀನಿ."

ಮನೆ ಮಸೀದಿಯ ಹಿಂದಿನ ಸಂದಿಯಲ್ಲಿತ್ತು. ಕುತುಬುದ್ದೀನ್ ಕಟ್ಟೆಯ ಮೇಲೆ ಕೂತು, ಸಂತೆಗೆ ಒಯ್ಯಲು ಉಳ್ಳಾಗಡ್ಡಿ ಆರಿಸುತ್ತಿದ್ದ. ಗಡ್ಡ ಬೆಳೆದಿತ್ತು. "ಬಾ ಬೇಟಿ" ಎಂದ. ಬಾಲಮ್ಮ ಕೂರಲಿಲ್ಲ. ಕೂತರೆ ಹೇಳಲಾಗದು ಎಂದು ಅವಳಿಗೆ ಗೊತ್ತಿತ್ತು.

"ಚಾಚಾ, ಆ ರೀಲು ತಂದಾಕಿ ಜೈನಾಬ್ ಅಲ್ರಿ. ನಾನು. ಮೇಜಿನ ಮ್ಯಾಲಿಂದ ಕದ್ದೆ."

ಅವನ ಕೈ ನಿಂತಿತು.

"ನಾ ಆಕಿನ್ನ ಹೊಡದೆ" ಎಂದ. "ದವಾಖಾನಿಯಿಂದ ಬಂದ ಮ್ಯಾಲ. ಕೈಗೆ ಪಟ್ಟಿ ಹಂಗೇ ಇದ್ದವು. ಯಾಕ ತಗೊಂಡಿ ಅಂತ ಕೇಳಿ ಕೇಳಿ ಹೊಡದೆ. ನಾ ತಗೊಂಡಿಲ್ಲ ಅಂದ್ಲು. ನಿನ್ನ ಹೆಸರು ಹೇಳಲಿಲ್ಲ."

ಅವನು ಎದ್ದು, ತಲೆಗೆ ವಸ್ತ್ರ ಸುತ್ತಿಕೊಂಡು ಸಂದಿಯಲ್ಲಿ ಹೊರಟುಹೋದ. ಉಳ್ಳಾಗಡ್ಡಿಯ ಬುಟ್ಟಿ ಅಲ್ಲೇ ಉಳಿಯಿತು.

ಒಳಗೆ ಜೈನಾಬ್ ಗೋಡೆಗೆ ಒರಗಿ ಕೂತಿದ್ದಳು. ಎಲ್ಲವೂ ಕೇಳಿಸಿತ್ತು. ಬಲಗೈಯ ನಾಲ್ಕು ಬೆರಳು ಒಂದಕ್ಕೊಂದು ಅಂಟಿ ಮುದುಡಿದ್ದವು. ಎಡಗೈಯಲ್ಲಿ ಹೆಬ್ಬೆರಳೊಂದೇ ಆಡುತ್ತಿತ್ತು.

"ನಿಂಗ ಗೊತ್ತಿತ್ತಲ್ಲ" ಎಂದಳು ಬಾಲಮ್ಮ. "ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನ ಶಾಲಿ ಬಿಡಸ್ತಿದ್ರು. ನೀನೇ ಬಂದು ಹೇಳ್ತಿ ಅಂತ ದಾರಿ ನೋಡಿದೆ. ರಾಯಚೂರಾಗ ನೋಡಿದೆ. ಇಲ್ಲಿಗೆ ಬಂದ ಮ್ಯಾಲೂ ಒಂದು ತಿಂಗಳು ನೋಡಿದೆ. ಆಮ್ಯಾಲ ಬಿಟ್ಟೆ."

ಜೈನಾಬಳ ತಲೆ ಸಿಕ್ಕುಗಟ್ಟಿತ್ತು. ದಾವಲ್ ಬೀ ಬೆಳಿಗ್ಗೆಯಿಂದ ಕೂಲಿಗೆ ಹೋಗಿದ್ದಳು. ಗೂಡಿನಲ್ಲಿದ್ದ ಹಣಿಗೆ ತೆಗೆದುಕೊಂಡು ಬಾಲಮ್ಮ ಅವಳ ಹಿಂದೆ ಕೂತಳು. ಜೈನಾಬ್ ಬೇಡವೆನ್ನಲಿಲ್ಲ. ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿ, ಜಡೆ ಹಾಕಿದಳು. ಗುಲ್ಬರ್ಗಾದ ಆಟ ಏನಾಯಿತೆಂದು ಜೈನಾಬ್ ಕೇಳಲಿಲ್ಲ.

"ಹೋಗಿ ಬರ್ತೀನಿ" ಎಂದು ಬಾಲಮ್ಮ ಎದ್ದಳು.

"ಹೋಗು" ಎಂದಳು ಜೈನಾಬ್. ಹೋಗಿ ಬಾ ಎನ್ನಲಿಲ್ಲ.

ರಾಯಚೂರಿಗೆ ಬಂದ ಮರುದಿನ ಶಾಲೆ ಬಿಟ್ಟ ಮೇಲೆ ಬಾಲಮ್ಮ ನೇರವಾಗಿ ಟಾಕೀಸಿಗೆ ಹೋದಳು. ಹೊಸ ಸಿನಿಮಾದ ಹಾಳೆ ಅಂಟಿಸುತ್ತಿದ್ದರು. ಜಹೀರುದ್ದೀನ್ ತನ್ನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ. ಅವಳು ನಿಂತೇ ಎಲ್ಲ ಹೇಳಿದಳು. ಅವನು ಅವಳನ್ನು ಬೈಯಲಿಲ್ಲ. ಬಸಿಯನ್ನು ಕೆಳಗಿಟ್ಟು, ಮೀಸೆ ಒರೆಸಿಕೊಂಡ.

"ಹೊಸಾ ಆಪರೇಟರ್ ಬಂದು ನಾಕು ತಿಂಗಳಾತು, ತಂಗಿ. ಸಿಕಂದರಾಬಾದಿನಿಂದ ಕರಿಸೀವಿ. ಅವನಿಗೂ ಹೆಂಡ್ತಿ ಮಕ್ಕಳವ."

"ಅವತ್ತೇ ಹೇಳಿದ್ರ ಚಾಚಾನ ಕೆಲಸ ಉಳೀತಿತ್ತೇನ್ರಿ?"

ಜಹೀರುದ್ದೀನ್ ಕಿಟಕಿಯ ಆಚೆ ನೋಡಿದ. ಟಿಕೀಟಿಗೆ ಜನ ಸೇರುತ್ತಿದ್ದರು.

"ಚೂರು ಕೊಟ್ಟದ್ದಕ್ಕ ಬೈದು ಬಿಡ್ತಿದ್ದೆ" ಎಂದ. "ಆದ್ರ ಆಪರೇಟರನ ಮನಿಯವರೇ ರೀಲು ಕದ್ದಾರ ಅಂತ ಮಾಲಕರು ಸಿಟ್ಟಾದ್ರು. ಅದಕ್ಕ ತಗದ್ರು. ನೀ ಹೇಳಿದ್ದರ ಉಳೀತಿತ್ತು."

ಹೊರಗೆ ರೆಕಾರ್ಡು ಹಾಕಿದರು. ಬಾಲಮ್ಮನಿಗೆ ಬಾಯಿಪಾಠವಿದ್ದ ಹಾಡು. ಅವಳು ಜನರ ನಡುವೆ ದಾರಿ ಮಾಡಿಕೊಂಡು, ಎರಡೂ ಕಿವಿ ಮುಚ್ಚಿಕೊಂಡು, ಸ್ಟೇಷನ್ನಿನ ಕಡೆ ನಡೆದಳು.