ಉಗ್ರಾಣಿಯ ಹನ್ನೆರಡು ಬಾಟಲಿ

ಬೇಸಿಗೆಯ ನಡುಹಗಲಿನಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವಷ್ಟು ಕಾದಿರುವಾಗ, ಕುತ್ತಿಗೆಯವರೆಗೂ ಗುಂಡಿ ಹಾಕಿದ ದಪ್ಪ ಉಣ್ಣೆಯ ಕೋಟು ತೊಟ್ಟು, ಮೊಣಕೈಗಳೆರಡನ್ನೂ ಪಕ್ಕಕ್ಕೆ ಚಾಚಿ, ಕಣ್ಣಿಗೆ ಕಾಣದ ಪೆಟ್ಟಿಗೆಯೊಂದನ್ನು ಹೊತ್ತವರಂತೆ ಮೈ ಕುಲುಕದೆ ನಡೆದುಬರುವ ಮನುಷ್ಯನನ್ನು ಕಂಡರೆ ಬೀದಿಗೆ ಹೊಸಬರಾದವರು ಗಾಬರಿಯಿಂದ ಪಕ್ಕಕ್ಕೆ ಸರಿಯುತ್ತಿದ್ದರು. ಹಳಬರು ಮಾತ್ರ ಗಂಟೆ ಒಂದಾಯಿತೆಂದು ಊಟಕ್ಕೆ ಏಳುತ್ತಿದ್ದರು. ಅವರು ಬೀದಿಯ ಕೊನೆಯಲ್ಲಿದ್ದ ಪುಟ್ಟ ಬಿಯರ್ ಕಾರ್ಖಾನೆಯ ಉಗ್ರಾಣಿ. ತಯಾರಾದ ಬಾಟಲಿಗಳನ್ನು ಇಡುವ ತಂಪುಕೋಣೆಗೆ ದಿನಕ್ಕೆ ಮೂವತ್ತು ಸಲ ಹೋಗಿಬರುವುದು ಅವರ ಉದ್ಯೋಗ. ಅಷ್ಟು ಸಲ ಕೋಟು ಹಾಕಿ ತೆಗೆಯುವ ತಾಪತ್ರಯವೇ ಬೇಡವೆಂದು, ಬೆಳಿಗ್ಗೆ ತೊಟ್ಟಿದ್ದನ್ನು ರಾತ್ರಿ ಮಲಗುವಾಗಲೇ ಬಿಚ್ಚುತ್ತಿದ್ದರು. ಸೆಕೆಯಾಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. "ನನ್ನ ಸೆಕೆ ಯಾರಿಗೆ ಬೇಕು ಮೇಷ್ಟ್ರೇ, ಬಾಟಲಿಗೆ ಸೆಕೆ ಆಗಬಾರದು ಅಷ್ಟೇ" ಎಂದು ಹೇಳಿ, ಹಣೆಯ ಬೆವರನ್ನು ಕೋಟಿನ ತೋಳಿಗೇ ಒರೆಸಿಕೊಂಡರು.

ಆ ಕೋಟಿನ ಎಡಜೇಬಿನಲ್ಲಿ ಉಷ್ಣಮಾಪಕ, ಬಲಜೇಬಿನಲ್ಲಿ ಭೂತಗನ್ನಡಿ. ಮೊದಲನೆಯದು ತಂಪುಕೋಣೆಗೆ, ಎರಡನೆಯದು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬಾಟಲಿಯ ಮೇಲೆ ಅಚ್ಚಾಗುವ ತಾರೀಖಿಗೆ. ಆದರೆ ತಾರೀಖು ಓದುವ ಆ ಚಟ ಬಾಟಲಿಗಳಲ್ಲಿಗೆ ನಿಲ್ಲದೆ ಊರಿಡೀ ಹಬ್ಬಿತ್ತು. ಯಾರ ಮನೆಗೆ ಹೋದರೂ ಬಿಸ್ಕತ್ತಿನ ಡಬ್ಬ, ಕೆಮ್ಮಿನ ಔಷಧಿ, ಷೂ ಪಾಲಿಶು, ಕೈಗೆ ಸಿಕ್ಕಿದ್ದನ್ನೆಲ್ಲ ತಲೆಕೆಳಗು ಮಾಡಿ, ಭೂತಗನ್ನಡಿ ಹಿಡಿದು, "ಹುಟ್ಟಿದ್ದು ಯಾವತ್ತು?" ಎಂದು ಕೇಳುತ್ತಿದ್ದರು. ಪಕ್ಕದ ಮನೆಯಲ್ಲಿ ಹೆಣ್ಣುಮಗು ಹುಟ್ಟಿದಾಗ ನೋಡಲು ಹೋದವರು ಅದೇ ಪ್ರಶ್ನೆಯನ್ನು ಅದೇ ಧ್ವನಿಯಲ್ಲಿ ಕೇಳಿದರಂತೆ. ಎಲ್ಲಿ ಕೂಸನ್ನೂ ಎತ್ತಿ ಬೋರಲು ಹಾಕಿ ನೋಡಿಬಿಡುತ್ತಾರೋ ಎಂದು ಅಜ್ಜಿ ತೊಟ್ಟಿಲಿಗೆ ಅಡ್ಡ ನಿಂತರಂತೆ. ಈ ಕಥೆಯನ್ನು ಅವರ ಎದುರಿಗೇ ಹೇಳಿ ಎಲ್ಲರೂ ನಗುತ್ತಿದ್ದರು. ಅವರು ನಗುತ್ತಿರಲಿಲ್ಲ. ಇದರಲ್ಲಿ ನಗುವಂಥದ್ದೇನಿದೆ ಎಂಬುದು ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲವೆಂದು ನನ್ನ ನಂಬಿಕೆ.

ಕಾರ್ಖಾನೆ ಅವರ ಅಕ್ಕನ ಗಂಡನದು. ಭಾವ ಬಿಯರ್ ಕುದಿಸುವವರು, ಇವರು ಕಾಯುವವರು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಎಂಬ ಬಳ್ಳಿಹೂವನ್ನು ಇತರರು ಚಿಟಿಕೆಯಲ್ಲಿ ಹಾಕಿದರೆ ಭಾವ ಬೊಗಸೆಯಲ್ಲಿ ಹಾಕುತ್ತಿದ್ದರು. ಹೊಸದಾಗಿ ತುಂಬಿದ ಬಾಟಲಿಯ ಮುಚ್ಚಳ ತೆಗೆದರೆ ಕಿತ್ತಳೆಯ ಸಿಪ್ಪೆ ಹಿಸುಕಿದ ಘಮ, ಅದರ ಬೆನ್ನಿಗೇ ಆಗತಾನೇ ಕೊಯ್ದ ಹುಲ್ಲಿನ ಹಸಿವಾಸನೆ, ಆಮೇಲೆ ನಾಲಿಗೆಯ ಬುಡದಲ್ಲಿ ಬಹಳ ಹೊತ್ತು ಕೂತಿರುವ ಒಂದು ಸ್ವಚ್ಛವಾದ ಕಹಿ. ಆ ಘಮದ ಆಯುಸ್ಸು ಮಾತ್ರ ತೀರ ಅಲ್ಪ. ಸೆಕೆ ತಾಗಿದರೆ ವಾರಗಳಲ್ಲಿ ಮಂಕಾಗುತ್ತದೆ. ಬಿಸಿಲು ಬಿದ್ದರೆ ಒಂದೇ ಮಧ್ಯಾಹ್ನದಲ್ಲಿ ನಾರತೊಡಗುತ್ತದೆ. ಮುಚ್ಚಳದಡಿಯಲ್ಲಿ ಉಳಿದ ಒಂದು ಗುಟುಕು ಗಾಳಿ ಸಾಕು, ಒಳಗೊಳಗೇ ತಿನ್ನುತ್ತ ಬರುತ್ತದೆ. ಕಾರ್ಖಾನೆಯವರು ಬಾಟಲಿಯ ಮೇಲೆ ಎಂಟು ತಿಂಗಳ ಗಡುವು ಅಚ್ಚು ಹಾಕುತ್ತಿದ್ದರು. ಉಗ್ರಾಣಿಯ ಸಂವಿಧಾನದಲ್ಲಿ ಇದ್ದದ್ದು ಅರವತ್ತೇ ದಿನ. ಅರವತ್ತೊಂದನೆಯ ದಿನ ಅಂಗಡಿಗಳಿಗೆ ತಾವೇ ಹೋಗಿ, ಮಾರಾಟವಾಗದೆ ಉಳಿದದ್ದನ್ನು ವಾಪಸು ತಂದು, ಹಿತ್ತಲ ಮೋರಿಗೆ ಸುರಿಯುತ್ತಿದ್ದರು. ಸುರಿಯುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಬೀದಿಯ ಜನ ಅವರನ್ನು ಕೋಟಿಲ್ಲದೆ ನೋಡಿದ್ದು ಒಂದೇ ಒಂದು ದಿನ. ಚೌಕದ ಅಂಗಡಿಯವನು ಅಂದಕ್ಕೆಂದು ಎರಡು ಡಜನ್ ಬಾಟಲಿಗಳನ್ನು ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ಗೋಪುರ ಕಟ್ಟಿದ್ದ. ದಾರಿಯಲ್ಲಿ ಹೋಗುತ್ತಿದ್ದ ಉಗ್ರಾಣಿ ಅದನ್ನು ಕಂಡು, ಒಳಗೆ ನುಗ್ಗಿ, ಕೋಟು ಬಿಚ್ಚಿ ಆ ಗೋಪುರಕ್ಕೆ ಹೊದಿಸಿದರು. ಒಳಗೆ ಹಾಕಿಕೊಂಡಿದ್ದ ಬನಿಯನ್ನಿನಲ್ಲಿ ಎರಡು ತೂತುಗಳಿದ್ದವು. ಅಂಗಡಿಯ ತುಂಬ ಗಿರಾಕಿಗಳು.

"ಏನ್ರೀ ಇದು, ಇನ್ನೂ ಆರು ತಿಂಗಳು ಟೈಮ್ ಇದೆಯಲ್ರೀ" ಎಂದ ಅಂಗಡಿಯವನು.

"ಟೈಮ್ ಇದೆ ಸ್ವಾಮಿ, ಒಳಗೆ ಜೀವ ಇಲ್ಲ" ಎಂದರು ಇವರು. ಇಪ್ಪತ್ತನಾಲ್ಕನ್ನೂ ಹೊತ್ತು ತಂದರು. ಆ ಅಂಗಡಿಯವನು ಒಂದು ವರ್ಷ ಇವರ ಜೊತೆ ಮಾತು ಬಿಟ್ಟಿದ್ದ.

ಇಂಥ ಕಟ್ಟುನಿಟ್ಟಿನ ಮನುಷ್ಯ ಒಂದು ವಿಷಯದಲ್ಲಿ ತಮ್ಮ ಕಾನೂನನ್ನು ತಾವೇ ಮುರಿದು, ಅದನ್ನು ಎರಡು ವರ್ಷ ಯಾರಿಗೂ ತಿಳಿಯದಂತೆ ಬಚ್ಚಿಟ್ಟುಕೊಂಡಿದ್ದರು. ನಾನು ಈ ವ್ಯಕ್ತಿಚಿತ್ರವನ್ನು ಬರೆಯಲು ಕೂತಿರುವುದೇ ಆ ಅಪರಾಧಕ್ಕಾಗಿ.

ಒಂದು ಸಲ ಭಾವನಿಗೆ ಜ್ವರ ಬಂತು. ಹತ್ತು ದಿನಕ್ಕೆ ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನೂ ಕೊಂಡೊಯ್ದಿತು. ಹೂವು, ಸಾಬೂನು, ಸೀಮೆಎಣ್ಣೆ, ಎಲ್ಲವೂ ಅವರಿಗೆ ಒಂದೇ ಆಯಿತು. ವೈದ್ಯರು ಬರಬಹುದು ಎಂದರು, ಬರದೆಯೂ ಇರಬಹುದು ಎಂದರು. ಹಾಪ್ಸ್ ಹೂವು ವರ್ಷದಿಂದ ವರ್ಷಕ್ಕೆ, ಮೂಟೆಯಿಂದ ಮೂಟೆಗೆ ಬೇರೆಯಾಗುವಂಥದ್ದು. ಬರೆದಿಟ್ಟ ಅಳತೆಯನ್ನು ನಂಬಿ ಕುದಿಸಿದರೆ ಬಿಯರೇನೋ ಆಗುತ್ತದೆ, ಆ ಬಿಯರ್ ಆಗುವುದಿಲ್ಲ. ಮೂಟೆಯೊಳಗೆ ಮುಖವಿಟ್ಟು ಮೂಸಿ, ಒಂದು ಹಿಡಿ ಹೆಚ್ಚು ಅಥವಾ ಒಂದು ಹಿಡಿ ಕಡಿಮೆ ಎಂದು ತೀರ್ಮಾನಿಸಬೇಕಾದ ಮೂಗೇ ಇಲ್ಲವಾದ ಮೇಲೆ ಭಾವ ಅಂದಾಜಿನಲ್ಲಿ ಕುದಿಸತೊಡಗಿದರು, ಉಗ್ರಾಣಿ ಕುಡಿದು ನೋಡಿ ಹೇಳತೊಡಗಿದರು. ಯಾರು ಲೋಟ ಕೊಟ್ಟರೂ ಭಾವ ಒಂದು ಗುಟುಕು ಕುಡಿದು, ಸಭ್ಯವಾಗಿ ತಲೆಯಾಡಿಸಿ, "ಚೆನ್ನಾಗಿದೆ" ಎನ್ನುತ್ತಿದ್ದರು. ಎರಡು ವರ್ಷ ಅದೊಂದೇ ಮಾತು. ಅದನ್ನು ಕೇಳಿದಾಗೆಲ್ಲ ಅಕ್ಕ ಅಡುಗೆಮನೆಗೆ ಎದ್ದುಹೋಗುತ್ತಿದ್ದರು.

ಜ್ವರದ ಹಿಂದಿನ ವಾರ ಭಾವ ತುಂಬು ಮೂಗಿನಿಂದ ಕುದಿಸಿದ ಕೊನೆಯ ಪಾಕದಲ್ಲಿ ಹನ್ನೆರಡು ಬಾಟಲಿಗಳನ್ನು ಉಗ್ರಾಣಿ ತಂಪುಕೋಣೆಯ ಹಿಂಗೋಡೆಗೆ, ಖಾಲಿ ಪೆಟ್ಟಿಗೆಗಳ ಮರೆಯಲ್ಲಿ, ಗೋಣಿಚೀಲ ಸುತ್ತಿ ಇಟ್ಟಿದ್ದರು. ಮೂಗು ಹಿಂದಿರುಗಿದ ದಿನ ಭಾವ ಮೊದಲು ಕುಡಿಯಬೇಕಾದದ್ದು ತಮ್ಮದೇ ಬಿಯರು ಎಂಬುದು ಉಗ್ರಾಣಿಯ ಹಟ. ಅರವತ್ತನೆಯ ದಿನ ಬಂತು, ಹೋಯಿತು. ಮುನ್ನೂರನೆಯದೂ ಹೋಯಿತು. ಹಾಳಾಗುವುದನ್ನು ತಂಪು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲವೆಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವರು, ಆ ಹನ್ನೆರಡರ ಮಟ್ಟಿಗೆ ತಂಪು ಒಂದು ವಿನಾಯಿತಿ ಕೊಟ್ಟೀತೆಂದು ಮಗುವಿನ ಹಾಗೆ ನಂಬಿಬಿಟ್ಟಿದ್ದರು. ಪ್ರೀತಿ ಎಂಥ ಬುದ್ಧಿವಂತನನ್ನೂ ದಡ್ಡನನ್ನಾಗಿಸುತ್ತದೆ. ಅದಕ್ಕೆ ನಾನಂತೂ ಅವರನ್ನು ದೂರುವುದಿಲ್ಲ.

ಕೊನೆಗೆ ಭಾವ ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದಕ್ಕೆ ಕೊಟ್ಟುಬಿಡಲು ತೀರ್ಮಾನಿಸಿದರು. "ವಾಸನೆ ಗೊತ್ತಾಗದೋನು ಬಿಯರ್ ಮಾಡಿ ಜನಕ್ಕೆ ಕೊಡೋದು ಮೋಸ ಕಣೋ" ಎಂದರಂತೆ. ಶುಕ್ರವಾರ ರುಜು ಹಾಕುವುದೆಂದಾಯಿತು. ಕಂಪನಿಯವರಿಗೆ ಬೇಕಾಗಿದ್ದದ್ದು ಜಾಗ ಮತ್ತು ಹೆಸರು. ಕುದಿಸುವುದನ್ನು ಬೇರೆಲ್ಲೋ ಕುದಿಸಿ, ಲಾರಿಯಲ್ಲಿ ತಂದು, ತಿಂಗಳುಗಟ್ಟಲೆ ಗೋದಾಮಿನಲ್ಲಿ ಪೇರಿಸುವುದು ಅವರ ಪದ್ಧತಿ. ತಂಪುಕೋಣೆಯನ್ನು ಆಫೀಸು ಮಾಡುತ್ತಾರೆ ಎಂಬ ಸುದ್ದಿಯೂ ಬಂತು. ಆ ವಾರ ಉಗ್ರಾಣಿಯ ಕೈಗಳು ಯಾವ ಪೆಟ್ಟಿಗೆಯೂ ಇಲ್ಲದವರಂತೆ ಪಕ್ಕದಲ್ಲಿ ಜೋತುಬಿದ್ದಿದ್ದವು.

ಬುಧವಾರ ಬೆಳಿಗ್ಗೆ ಅಕ್ಕ ತಮ್ಮನಿಗೆ ಫೋನು ಮಾಡಿದರು. ಒಲೆಯ ಮೇಲೆ ಹಾಲಿಟ್ಟು ಅವರು ಹಿತ್ತಲಿಗೆ ಹೋಗಿದ್ದಾಗ, ಮುಂದಿನ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ ಭಾವ "ಹಾಲು ಹೊತ್ತುತಾ ಇದೆ" ಎಂದು ಕೂಗಿದ್ದರು. ವಾಸನೆ ಬಂತೇ ಎಂದು ಕೇಳಿದರೆ, "ಇಲ್ಲ, ಹೊಗೆ ಕಾಣಿಸ್ತು" ಎಂದು ಪತ್ರಿಕೆಯನ್ನು ಮುಖಕ್ಕೆ ಹಿಡಿದರಂತೆ. ಅವರು ಕೂತಿದ್ದ ಕಡೆಯಿಂದ ಅಡುಗೆಮನೆಯೇ ಕಾಣುವುದಿಲ್ಲ. ಎರಡು ವರ್ಷ ಕಾದು ಸೋತವರಿಗೆ ಮತ್ತೆ ಆಸೆಪಡಲು ಎಷ್ಟು ಹೆದರಿಕೆಯಾಗುತ್ತದೆಂಬುದು ಅಕ್ಕನಿಗೆ ಗೊತ್ತಿತ್ತು.

ಸಂಜೆ ಉಗ್ರಾಣಿ ನನ್ನ ಮನೆಗೆ ಬಂದರು. ಕೋಟಿನೊಳಗೆ ಎದೆಗೊತ್ತಿ ಏನನ್ನೋ ಹಿಡಿದಿದ್ದರು. "ಮೇಷ್ಟ್ರೇ, ಬನ್ನಿ. ಹೊರಗಿನೋರು ಒಬ್ಬರು ಇರಲಿ. ಅಕ್ಕ, ನಾನು ಇಬ್ಬರೇ ಇದ್ದರೆ ಅತ್ತುಬಿಡ್ತೀವಿ" ಎಂದರು. ದಾರಿಯಲ್ಲಿ ಹನ್ನೆರಡು ಬಾಟಲಿಯ ಕಥೆಯನ್ನು ತಗ್ಗಿದ ದನಿಯಲ್ಲಿ ಒಪ್ಪಿಸಿದರು. ಹಾಳಾಗಿದ್ದರೆ ಏನು ಗತಿ ಎಂದು ನಾನು ಕೇಳಿದೆ. "ಆಗಿರಲ್ಲ" ಎಂದರು, ಅಷ್ಟೇ.

ಭಾವ ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಉಗ್ರಾಣಿ ಅಡುಗೆಮನೆಯಲ್ಲೇ ಮುಚ್ಚಳ ತೆಗೆದು, ಲೋಟಕ್ಕೆ ಬಗ್ಗಿಸಿ, ತಾವು ಮೂಸಿಯೂ ನೋಡದೆ ತಂದಿಟ್ಟರು. ಯಾವ ಪಾಕವೆಂದು ಹೇಳಲಿಲ್ಲ. ಭಾವ ಲೋಟವೆತ್ತಿ ಒಂದು ಗುಟುಕು ಕುಡಿದು, ವಾಡಿಕೆಯಂತೆ ತಲೆಯಾಡಿಸಿ, "ಚೆನ್ನಾಗಿ..." ಎಂದವರು ತಡೆದರು. ಲೋಟವನ್ನು ಮತ್ತೆ ಮೂಗಿನ ಹತ್ತಿರ ತಂದರು. ಹಣೆ ಗಂಟಿಕ್ಕಿತು.

"ಏನೋ ಇದು? ನೆಂದ ರಟ್ಟಿನ ವಾಸನೆ. ಹಳೇ ಜೇನಿನ ಥರ ಏನೋ ಒಂದು ಸಿಹಿ ಬೇರೆ. ಹೂವೇ ಇಲ್ಲವಲ್ಲೋ ಇದರಲ್ಲಿ!" ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಮೈದುನನ ಮುಖ ನೋಡಿ ಗದರಿದರು: "ಹುಟ್ಟಿದ್ದು ಯಾವತ್ತು?"

ಊರಿಗೆಲ್ಲ ಆ ಪ್ರಶ್ನೆ ಹಾಕಿದ್ದ ಮನುಷ್ಯ ಕೋಟಿನ ಗುಂಡಿಯನ್ನು ತಿರುಚುತ್ತ ನಿಂತುಬಿಟ್ಟರು. "ಎರಡು ವರ್ಷ ಆಯ್ತು ಭಾವ."

"ಎರಡು ವರ್ಷ! ಅರವತ್ತೊಂದನೇ ದಿನಕ್ಕೆ ಮೋರಿಗೆ ಸುರಿಯೋನು ನೀನು, ನನಗೆ ಎರಡು ವರ್ಷದ್ದು ತಂದು ಕುಡಿಸ್ತೀಯಾ? ನಾಚಿಕೆ ಆಗಲ್ವೇನೋ?"

ಬೈಗುಳ ಇನ್ನೂ ಸಾಗುತ್ತಿತ್ತೇನೋ. ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ರೀ, ನಿಮಗೆ ಗೊತ್ತಾಯ್ತು" ಎಂದರು. ಭಾವನ ಕೈ ಗಾಳಿಯಲ್ಲಿಯೇ ನಿಂತಿತು. ಲೋಟವನ್ನು ಮತ್ತೊಮ್ಮೆ ಎತ್ತಿ, ಕಣ್ಣು ಮುಚ್ಚಿ, ಆ ಕೆಟ್ಟುಹೋದ ಬಿಯರನ್ನು, ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯದನ್ನು ಮೂಸಿಯೇ ಇಲ್ಲವೆಂಬಂತೆ, ದೀರ್ಘವಾಗಿ ಮೂಸಿದರು. "ಹೌದು ಕಣೇ, ರಟ್ಟು... ರಟ್ಟಿನ ವಾಸನೆ ಬರ್ತಿದೆ" ಎನ್ನುತ್ತ ನಗತೊಡಗಿದರು. ಅಳಬಾರದೆಂದು ಹೊರಗಿನವನನ್ನು ಕರೆತಂದಿದ್ದರು. ಆ ಹೊರಗಿನವನೇ ಮೊದಲು ಅತ್ತ.

ಶುಕ್ರವಾರ ಕಂಪನಿಯವರು ಬಂದು ಚಹಾ ಕುಡಿದು ಹೋದರು. ಶನಿವಾರ ಉಗ್ರಾಣಿ ಉಳಿದ ಹನ್ನೊಂದು ಬಾಟಲಿಗಳನ್ನು ಮೋರಿಯ ಬಳಿಗೆ ತಂದರು. "ಒಂದಾದರೂ ಇಟ್ಟುಕೊಳ್ಳೋ, ನೆನಪಿಗಿರಲಿ" ಎಂದರು ಭಾವ. "ಬೇಡ ಭಾವ, ಕಾನೂನು ಅಂದರೆ ಕಾನೂನು" ಎಂದು ಒಂದೊಂದನ್ನೂ ಮೂಸಿ, ಒಂದೊಂದಕ್ಕೂ ಹೌದೆಂದು ತಲೆಯಾಡಿಸಿ ಸುರಿದರು. ಈ ಸಲ ಮುಖ ತಿರುಗಿಸಲಿಲ್ಲ. ಭಾವನ ಮೂಗು ಪೂರ್ತಿ ಬಂದಿರಲಿಲ್ಲ. ಕಿತ್ತಳೆಯ ಘಮ ಸಿಗುತ್ತಿತ್ತು, ಹುಲ್ಲಿನದು ಸಿಗುತ್ತಿರಲಿಲ್ಲ. "ಅರ್ಧ ನನ್ನ ಮೂಗು, ಅರ್ಧ ನಿನ್ನ ನಾಲಿಗೆ, ಸಾಕು ನಡಿ" ಎಂದು ಭಾವ ಸೋಮವಾರವೇ ಒಲೆ ಹೊತ್ತಿಸಿದರು. ಮೊದಲನೆಯ ಪಾಕ ಸರಿಬರಲಿಲ್ಲ, ಎರಡನೆಯದೂ ಬರಲಿಲ್ಲ; ಎರಡನ್ನೂ ಸುರಿದರು. ಮೂರನೆಯದನ್ನು ಬಾಟಲಿಗೆ ತುಂಬಿದ ನಾಲ್ಕನೆಯ ದಿನ, ಸುಡುಬಿಸಿಲಿನಲ್ಲಿ, ಮೊಣಕೈ ಚಾಚಿಕೊಂಡು ಆ ಕೋಟು ನನ್ನ ಬಾಗಿಲಿಗೆ ಬಂತು. ಸಂಜೆ ತಂಪಾದ ಮೇಲೆ ಕುಡಿಯುತ್ತೇನೆ, ಅಲ್ಲಿಡಿ ಎಂದೆ. "ಅದೆಲ್ಲ ಆಗಲ್ಲ ಮೇಷ್ಟ್ರೇ, ಲೋಟ ತನ್ನಿ" ಎಂದವರು, ನಾನು ಕೊನೆಯ ಗುಟುಕು ಕುಡಿದು ಲೋಟ ಕೆಳಗಿಡುವವರೆಗೂ ನಿಂತೇ ಇದ್ದರು.

ಜಗತ್ತಿನಲ್ಲಿ ಕಾಯುವ ಕೆಲಸದವರೆಂಬ ಒಂದು ಕುಲವಿದೆ. ಮಾಡಿದವರಿಗೆ ಹೆಸರು ಬರುತ್ತದೆ, ಸವಿದವರಿಗೆ ಸುಖ ಸಿಗುತ್ತದೆ. ನಡುವೆ ನಿಂತು, ಮಾಡಿದ್ದು ಮಾಡಿದ ಹಾಗೆಯೇ ಸವಿಯುವವರ ಕೈ ಸೇರಲೆಂದು ಚಳಿಯಲ್ಲಿ ಜೀವ ತೇಯುವ ಇವರನ್ನು ನಾವು ಜಿಪುಣರೆಂದೂ ಹಟಮಾರಿಗಳೆಂದೂ ಕರೆದು ನಗುತ್ತೇವೆ. ಇಟ್ಟದ್ದು ಇಟ್ಟ ಹಾಗೆ ಉಳಿಯುವುದಿಲ್ಲವೆಂಬುದನ್ನು ದಿನಕ್ಕೆ ಮೂವತ್ತು ಸಲ ಕಣ್ಣಾರೆ ಕಾಣುವವರು ಅವರೇ. ಆದ್ದರಿಂದಲೇ ಈಗಲೇ, ಈಗಲೇ ಎಂದು ನಮ್ಮ ಪ್ರಾಣ ತಿನ್ನುತ್ತಾರೆ. ಆದರೂ ಅಂಥ ಪ್ರತಿಯೊಬ್ಬರ ಉಗ್ರಾಣದಲ್ಲೂ, ಹಿಂಗೋಡೆಯ ಮರೆಯಲ್ಲಿ, ಗೋಣಿ ಸುತ್ತಿದ ಹನ್ನೆರಡು ಬಾಟಲಿ ಯಾರದೋ ಹೆಸರಿನಲ್ಲಿ ಇದ್ದೇ ಇರುತ್ತವೆಂದು ನಾನೀಗ ನಂಬಿದ್ದೇನೆ. ಇಡಬಾರದಿತ್ತೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ, ಮತ್ತು ಇಡದೆ ಇರುವುದು ಅವರಿಂದ ಆಗುವುದೂ ಇಲ್ಲ.